ಕಿರುಕುಳಕ್ಕೆ ಅಂಜಿ ಬಂದವರೇ ಇನ್ನೊಬ್ಬರನ್ನು ಗಡೀಪಾರು ಮಾಡಿದ್ದೇಕೆ?

ಪ್ರಶ್ನೆ: ಬಿ.ಎ. ವಿದ್ಯಾರ್ಥಿನಿ, ಕಲಬುರಗಿ

ನಮಸ್ಕಾರ. ಮುಂದಿನ ವಾರ ತರಗತಿಯಲ್ಲಿ ವಸಾಹತು ಕಾಲದ ಅಮೆರಿಕದ ಕುರಿತು ಪ್ರಬಂಧ ಮಂಡಿಸಬೇಕಿದೆ. ಇಂಗ್ಲೆಂಡಿನ ಚರ್ಚನ್ನು ಇನ್ನಷ್ಟು ಶುದ್ಧಗೊಳಿಸಬೇಕೆಂದ ಪ್ಯೂರಿಟನ್ನರು ಆ ಚರ್ಚಿನ ಕಿರುಕುಳ ತಾಳಲಾರದೆ 1630ರಲ್ಲಿ ಮ್ಯಾಸಚೂಸೆಟ್ಸ್ ಬೇ ವಸಾಹತಿಗೆ ಬಂದರೆಂದು ಓದಿದ್ದೇನೆ. ಅದೇ ಜನ ತಮ್ಮೊಳಗೇ ಭಿನ್ನಮತ ಹೇಳಿದ ರೋಜರ್ ವಿಲಿಯಮ್ಸ್ ಮತ್ತು ಆನ್ ಹಚಿನ್ಸನ್ ಅವರನ್ನು ಗಡೀಪಾರು ಮಾಡಿದರು. 1660ರಲ್ಲಿ ಮೇರಿ ಡಯರ್ ಎಂಬ ಕ್ವೇಕರ್ ಪಂಥದ ಮಹಿಳೆಯನ್ನು ಬಾಸ್ಟನ್ನಿನಲ್ಲಿ ಗಲ್ಲಿಗೇರಿಸಿದರು. ಇದನ್ನು ಬರೀ ಕಪಟವೆಂದು ಬರೆದು ಮುಗಿಸಲು ಮನಸ್ಸು ಒಪ್ಪುತ್ತಿಲ್ಲ. 1692ರಲ್ಲಿ ಸೇಲಂನಲ್ಲಿ ಮಾಟಗಾತಿಯರೆಂದು ಹೆಂಗಸರನ್ನು ಸುಟ್ಟ ಪ್ರಕರಣವನ್ನೂ ಇದರೊಳಗೆ ಸೇರಿಸಬಹುದೇ?

ಉತ್ತರ: ನಿವೃತ್ತ ಉಪನ್ಯಾಸಕ, ಬೀದರ

ತಂಗಿ, ಎಲ್ಲರಿಗೂ ಧರ್ಮಸ್ವಾತಂತ್ರ್ಯ ಎಂಬ ನಮ್ಮ ಕಾಲದ ಮಾತನ್ನು ಅವರ ಬಾಯಲ್ಲಿ ಇಟ್ಟು ನೋಡುವುದರಿಂದಲೇ ಅದು ಕಪಟವಾಗಿ ಕಾಣುತ್ತದೆ. ಅವರು ಬಂದದ್ದು ತಮ್ಮ ರೀತಿಯ ಆರಾಧನೆಯನ್ನು ಅಡ್ಡಿಯಿಲ್ಲದೆ ನಡೆಸಲಿಕ್ಕೆ. ಬೇರೆಯವರಿಗೆ ಜಾಗ ಬಿಡುತ್ತೇವೆಂದು ಅವರು ಎಂದೂ ಹೇಳಿರಲಿಲ್ಲ.

ಅವರ ದಿನದ ಬದುಕನ್ನು ನೋಡಿದರೆ ಇದು ಇನ್ನಷ್ಟು ತಿಳಿಯಾಗುತ್ತದೆ. 1631ರಿಂದ ಅಲ್ಲಿ ಚರ್ಚಿನ ಸದಸ್ಯನಾದ ಗಂಡಸಿಗಷ್ಟೇ ವಸಾಹತಿನ ಚುನಾವಣೆಯಲ್ಲಿ ಮತ ಹಾಕುವ ಹಕ್ಕಿತ್ತು. ಆರಾಧನೆ ನಡೆಯುವ ಕಟ್ಟಡದಲ್ಲಿಯೇ ಊರಿನ ಸಭೆಯೂ ಸೇರುತ್ತಿತ್ತು. ಅಲ್ಲಿ ಯಾರು ಯಾವ ಬೆಂಚಿನ ಮೇಲೆ ಕೂರಬೇಕೆಂಬುದನ್ನು ಊರಿನಲ್ಲಿ ಅವರಿಗಿದ್ದ ಮಾನಮರ್ಯಾದೆಯೇ ನಿರ್ಧರಿಸುತ್ತಿತ್ತು. ಶನಿವಾರ ಹೊತ್ತು ಮುಳುಗಿದೊಡನೆ ಸಬ್ಬತ್, ಅಂದರೆ ವಾರದ ವಿಶ್ರಾಂತಿ ಮತ್ತು ಆರಾಧನೆಯ ದಿನ, ಆರಂಭವಾಗುತ್ತಿದ್ದುದರಿಂದ ಕೆಲಸಗಳನ್ನೆಲ್ಲ ಅಷ್ಟರೊಳಗೆ ಮುಗಿಸಬೇಕಿತ್ತು. ವಾರವಿಡೀ ಉಣ್ಣುತ್ತಿದ್ದ ಮೆಕ್ಕೆಜೋಳದ ಗಂಜಿ ನಮ್ಮ ಜೋಳದ ನುಚ್ಚಿನ ಹತ್ತಿರದ ನೆಂಟ ಎನ್ನಬಹುದು. ಭಾನುವಾರ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ದೀರ್ಘ ಪ್ರವಚನ. ಕಟ್ಟಡದೊಳಗೆ ಬೆಂಕಿಯ ಕಾವು ಇರುತ್ತಿರಲಿಲ್ಲ. ಕ್ರಿಸ್ತನ ಕೊನೆಯ ಊಟದ ನೆನಪಿಗೆ ಚರ್ಚಿನಲ್ಲಿ ನಡೆಸುವ ಪ್ರಭು ಭೋಜನದ ರೊಟ್ಟಿ ಚಳಿಗೆ ಹೆಪ್ಪುಗಟ್ಟಿ, ಮುರಿದು ತಟ್ಟೆಗೆ ಹಾಕುವಾಗ ಕಟಕಟನೆ ಸದ್ದು ಮಾಡಿತೆಂದು ಬಾಸ್ಟನ್ನಿನ ಸ್ಯಾಮ್ಯುಯೆಲ್ ಸ್ಯೂಯಲ್ ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಕ್ರಿಸ್‌ಮಸ್ ಆಚರಿಸಿದವರಿಗೆ 1659ರಿಂದ 1681ರವರೆಗೆ ಐದು ಶಿಲಿಂಗ್ ದಂಡವಿತ್ತು. ಬೈಬಲಿನಲ್ಲಿ ಇಲ್ಲದ ಹಬ್ಬವೆಂಬುದು ಅದಕ್ಕೆ ಕಾರಣ.

ಇಂಥ ಊರಿನಲ್ಲಿ ಪಾದ್ರಿಯ ಮಾತನ್ನು ಪ್ರಶ್ನಿಸಿದವರು ಊರಿನ ಕಟ್ಟನ್ನೇ ಮುರಿದಂತೆ ಕಾಣುತ್ತಿದ್ದರು. ಹಚಿನ್ಸನ್ ಮನೆಯಲ್ಲಿ ಹೆಂಗಸರನ್ನು ಸೇರಿಸಿಕೊಂಡು ಪ್ರವಚನದ ವಿಮರ್ಶೆ ನಡೆಸುತ್ತಿದ್ದಳು. ಬರಬರುತ್ತ ಗಂಡಸರೂ ಬಂದು ಕೂರತೊಡಗಿದರು. 1637ರ ವಿಚಾರಣೆಯಲ್ಲಿ ಗವರ್ನರ್ ಜಾನ್ ವಿನ್‌ಥ್ರಾಪ್ ತಾನೇ ಆಪಾದನೆ ಹೊರಿಸಿ ತಾನೇ ನ್ಯಾಯಪೀಠದಲ್ಲಿ ಕುಳಿತಿದ್ದ. ಅವಳು ಮಾತಿಗೆ ಮಾತು ಕೊಟ್ಟು ಅವರನ್ನು ಸುಸ್ತುಮಾಡಿದಳು. ಕೊನೆಗೆ, ದೇವರು ತನಗೆ ನೇರವಾಗಿ ತಿಳಿಸುತ್ತಾನೆಂದು ಹೇಳಿದ್ದೇ ಅವಳನ್ನು ಗಡೀಪಾರು ಮಾಡಲು ಅವರಿಗೆ ಸಾಕಾಯಿತು.

ಉತ್ತರ: ಪ್ರೌಢಶಾಲಾ ಶಿಕ್ಷಕಿ, ಸುರಪುರ

ಗುರುಗಳು ಹೇಳಿದ್ದಕ್ಕೆ ಜಮೀನಿನ ಮಾತನ್ನು ಸೇರಿಸಬೇಕು. ವಿಲಿಯಮ್ಸ್‌ನನ್ನು ಹೊರಹಾಕಿದ್ದು ಧರ್ಮದ ವಿಷಯಕ್ಕೆ ಮಾತ್ರವಲ್ಲ. ಮೂಲನಿವಾಸಿಗಳ ನೆಲವನ್ನು ಇಂಗ್ಲೆಂಡಿನ ದೊರೆ ಹೇಗೆ ದಾನ ಮಾಡಬಲ್ಲ ಎಂದು ಅವನು ಕೇಳಿದ್ದ. ಆ ಮಾತು ನಿಂತರೆ ಎಲ್ಲರ ಹೊಲದ ಪಟ್ಟಾ ಅಲುಗಾಡುತ್ತಿತ್ತು. ಹಡಗು ಹತ್ತಿಸಿ ಇಂಗ್ಲೆಂಡಿಗೆ ಕಳಿಸುತ್ತಾರೆಂದು ತಿಳಿದ ಮೇಲೆ, 1636ರ ಜನವರಿಯ ಚಳಿಯಲ್ಲಿ ಅವನು ತಪ್ಪಿಸಿಕೊಂಡು ಹೋದ. ಆಮೇಲೆ ಅವನು ಕಟ್ಟಿದ ಪ್ರಾವಿಡೆನ್ಸ್ ಊರು ನಿಂತದ್ದು ನ್ಯಾರಗನ್ಸೆಟ್ ಎಂಬ ಮೂಲನಿವಾಸಿ ಪಂಗಡದ ಮುಖಂಡರು ಕೊಟ್ಟ ನೆಲದ ಮೇಲೆ. ಹಚಿನ್ಸನ್‌ಳ ವಿಚಾರಣೆ ನಡೆದ 1637ರಲ್ಲಿಯೇ ಇಂಗ್ಲಿಷರು ಮಿಸ್ಟಿಕ್‌ನಲ್ಲಿದ್ದ ಪೀಕ್ವಾಟ್ ಎಂಬ ಮೂಲನಿವಾಸಿ ಜನರ ಊರಿಗೆ ಬೆಂಕಿ ಹಚ್ಚಿ ನೂರಾರು ಜನರನ್ನು ಕೊಂದರು. ಆ ಯುದ್ಧಕ್ಕೆ ಪಾದ್ರಿಯಾಗಿ ಹೊರಟವನು ಹಚಿನ್ಸನ್ ವಿರೋಧಿ ಬಣದ ಜಾನ್ ವಿಲ್ಸನ್ ಎಂಬ ಕಾರಣಕ್ಕೆ ಬಾಸ್ಟನ್ನಿನ ಹಲವರು ಸೈನ್ಯಕ್ಕೆ ಸೇರಲು ಹಿಂದೇಟು ಹಾಕಿದರು. ಪ್ರವಚನದ ಜಗಳ ಯುದ್ಧದವರೆಗೆ ಮುಟ್ಟಿದ್ದರಿಂದ ಅಧಿಕಾರಿಗಳು ಬೆದರಿದ್ದರೆ ಸೋಜಿಗವಿಲ್ಲ.

ಉತ್ತರ: ವಕೀಲ, ಹುಮನಾಬಾದ

ಸೇಲಂನಲ್ಲಿ ಯಾರನ್ನೂ ಸುಡಲಿಲ್ಲ, ದಯವಿಟ್ಟು ತಿದ್ದಿಕೊಳ್ಳಿ. ಇಂಗ್ಲಿಷ್ ಕಾನೂನಿನಲ್ಲಿ ಮಾಟಕ್ಕೆ ನೇಣೇ ಶಿಕ್ಷೆ. ಹದಿನಾಲ್ಕು ಹೆಂಗಸರು, ಐದು ಗಂಡಸರು, ಒಟ್ಟು 19 ಜನ ಗಲ್ಲಿಗೇರಿದರು. ಆರೋಪಕ್ಕೆ ತಪ್ಪೊಪ್ಪಿಗೆಯನ್ನಾಗಲಿ ನಿರಾಕರಣೆಯನ್ನಾಗಲಿ ಸರಿಯಾಗಿ ನೀಡದ ಜೈಲ್ಸ್ ಕೋರಿ ಎಂಬ ಮುದುಕನನ್ನು ಮೈಮೇಲೆ ಕಲ್ಲು ಹೇರಿ ಸಾಯಿಸಿದರು. ಆರೋಪಿಯ ಆಕಾರವೊಂದು ಬಂದು ತನ್ನನ್ನು ಚಿವುಟಿತೆಂದು ಸಾಕ್ಷಿ ಹೇಳಿದರೆ ಅದನ್ನೂ ನ್ಯಾಯಾಲಯ ಒಪ್ಪಿಕೊಂಡಿತು. ಇದನ್ನು ಬೇರೆ ಅಧ್ಯಾಯವಾಗಿ ಬರೆಯುವುದು ಒಳ್ಳೆಯದು. ಇಲ್ಲಿ ಸತ್ತವರಲ್ಲಿ ರೆಬೆಕ್ಕ ನರ್ಸ್‌ಳಂತಹ ಚರ್ಚಿನ ನಿಷ್ಠಾವಂತ ಸದಸ್ಯರೂ ಇದ್ದರು. ಮೇಲೆ ರೊಟ್ಟಿಯ ಸದ್ದನ್ನು ಬರೆದಿಟ್ಟ ಸ್ಯೂಯಲ್ ಆ ನ್ಯಾಯಾಧೀಶರಲ್ಲಿ ಒಬ್ಬ. 1697ರಲ್ಲಿ ಅವನ ತಪ್ಪೊಪ್ಪಿಗೆಯನ್ನು ಪಾದ್ರಿ ಓದುವಾಗ ಅವನು ಸಭೆಯ ನಡುವೆ ಎದ್ದು ನಿಂತಿದ್ದ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಸುಟ್ಟರೆಂಬುದನ್ನು ತೆಗೆದುಹಾಕಿದ್ದೇನೆ. ಮೇಡಂ, ವಿಲಿಯಮ್ಸ್ ಓಡಿಹೋದದ್ದು 1636ರ ಜನವರಿ ಎಂದಿರಿ. ನನ್ನ ಟಿಪ್ಪಣಿಯಲ್ಲಿ 1635 ಎಂದಿದೆ.

ಉತ್ತರ: ಪ್ರೌಢಶಾಲಾ ಶಿಕ್ಷಕಿ, ಸುರಪುರ

ಎರಡೂ ಸರಿ. 1752ರವರೆಗೆ ಇಂಗ್ಲಿಷರಿಗೆ ಹೊಸ ವರ್ಷ ಮಾರ್ಚ್ 25ಕ್ಕೆ ಬರುತ್ತಿದ್ದುದರಿಂದ ಆ ಜನವರಿ ಅವರ ಲೆಕ್ಕದಲ್ಲಿ ಇನ್ನೂ 1635. ನಿಜಾಮರ ಕಾಲದ ನಮ್ಮ ಹೊಲದ ಕಾಗದಗಳಲ್ಲಿ ಫಸಲಿ 1340 ಎಂದಿದ್ದರೆ ನಾವು 1930-31 ಎಂದು ಓದಿಕೊಳ್ಳುವುದಿಲ್ಲವೇ, ಹಾಗೆ. ನೀವು 1636 ಎಂದೇ ಬರೆಯಿರಿ, ಕೆಳಗೆ ಒಂದು ಸಾಲಿನ ವಿವರಣೆ ಕೊಡಿ.