ಎಚ್‌-1ಬಿ ಕೆಲಸ ಹೋದ ಮೇಲಿನ 60 ದಿನ: ಅಮೆರಿಕದಲ್ಲೇ ಇರುವುದೋ, ಬೆಂಗಳೂರಿಗೆ ಬರುವುದೋ, ಲೆಕ್ಕ ಹೇಗೆ?

ನೇತ್ರಾವತಿ ಕೇಳಿದ್ದು:

ಅಮೆರಿಕದ ಐಟಿ ಕಂಪನಿಗಳಲ್ಲಿ ಜನರನ್ನು ತೆಗೆಯುವುದು ನಿಂತಿಲ್ಲ. ಅದರ ಮೇಲೆ ಎಚ್‌-1ಬಿ (ಅಲ್ಲಿ ಕೆಲಸ ಮಾಡಲು ಕೊಡುವ ತಾತ್ಕಾಲಿಕ ವೀಸಾ) ಅರ್ಜಿಗೆ ಕಂಪನಿ 1 ಲಕ್ಷ ಡಾಲರ್ ಶುಲ್ಕ ಕಟ್ಟಬೇಕೆಂಬ ಘೋಷಣೆ ಬೇರೆ. ವಾಟ್ಸಾಪ್ ಗುಂಪುಗಳಲ್ಲಿ ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಹೇಳುವುದು ತದ್ವಿರುದ್ಧ. ವಿಷಯ ಗೊತ್ತಿರುವವರು ಬಿಡಿಸಿ ಹೇಳಲಿ ಎಂದು ಒಂದು ಕುಟುಂಬದ ಲೆಕ್ಕವನ್ನು ಮುಂದಿಡುತ್ತಿದ್ದೇನೆ.

ಗಂಡ ಎಚ್‌-1ಬಿಯಲ್ಲಿ ಎಂಟನೇ ವರ್ಷ. ಐ-140 (ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ) ಮಂಜೂರಾಗಿ ಎರಡು ವರ್ಷವಾಗಿದೆ. ಪಾಸ್‌ಪೋರ್ಟಿನಲ್ಲಿರುವ ವೀಸಾ ಸ್ಟಾಂಪ್ ಅವಧಿ ಮುಗಿದಿದೆ, ಐ-94 (ಎಂದಿನವರೆಗೆ ಅಲ್ಲಿರಬಹುದು ಎಂಬ ದಾಖಲೆ) ಮಾತ್ರ 2027ರವರೆಗೆ ಇದೆ. ಹೆಂಡತಿ ಎಚ್‌-4, ಅಂದರೆ ಗಂಡನ ವೀಸಾದ ಮೇಲೆ ನಿಂತ ವೀಸಾ. ಏಳು ವರ್ಷದ ಮಗಳು ಅಲ್ಲೇ ಹುಟ್ಟಿದವಳು. ದೇಶ ಬಿಟ್ಟು 12 ವರ್ಷ. ಕೊನೆಯ ಕೆಲಸದ ದಿನ 2026ರ ಜನವರಿ 30, ಆಮೇಲೆ ಮೂರು ತಿಂಗಳ ಸಂಬಳದಷ್ಟು ಸೆವೆರೆನ್ಸ್ (ಕೆಲಸದಿಂದ ತೆಗೆದಾಗ ಕೊಡುವ ಪರಿಹಾರ). 401(ಕೆ) ನಿವೃತ್ತಿ ಉಳಿತಾಯ ಇದೆ, ಒಂದಿಷ್ಟು ಕಂಪನಿ ಷೇರು ಇದೆ, ಬೆಂಗಳೂರಿನ ಬ್ಯಾಂಕಿನಲ್ಲಿ ಎನ್‌ಆರ್‌ಇ (ಹೊರಗಿನ ಗಳಿಕೆ ಇಡುವ ಅನಿವಾಸಿಗಳ ರೂಪಾಯಿ ಖಾತೆ) ಡೆಪಾಸಿಟ್ ಇದೆ.

ಕೆಲಸ ಹೋದ ಮೇಲೆ ಅಲ್ಲಿರಲು ಬಿಡುವ 60 ದಿನ ಎಂದಿನಿಂದ ಶುರು? ಈಗ ಊರಿಗೆ ಬಂದು, ಇಲ್ಲಿಂದಲೇ ಕೆಲಸ ಹುಡುಕಿ ಮತ್ತೆ ಹೋಗಬಹುದೇ? ಬರುವುದೇ ಆದರೆ ದುಡ್ಡು, ತೆರಿಗೆ, ಮಗಳ ಕಾಗದಪತ್ರ, ಯಾವುದನ್ನು ಮೊದಲು ಮಾಡಬೇಕು?

ತುಂಗಾತೀರ ಉತ್ತರ:

ಮೊದಲ ತಪ್ಪು ಆಗುವುದೇ ದಿನ ಎಣಿಸುವುದರಲ್ಲಿ. ಯಾವ ದಿನದವರೆಗಿನ ಕೆಲಸಕ್ಕೆ ಸಂಬಳ ಕೊಟ್ಟಿದ್ದಾರೋ ಅದರ ಮರುದಿನದಿಂದ 60 ದಿನ ಶುರುವಾಗುತ್ತದೆ. ಸೆವೆರೆನ್ಸ್ ಬರುತ್ತಿದೆ ಎಂದು ಕೆಲಸದಲ್ಲಿದ್ದ ಹಾಗೆ ಆಗುವುದಿಲ್ಲ. ನಿಮ್ಮ ಲೆಕ್ಕದಲ್ಲಿ ಜನವರಿ 31 ಮೊದಲನೇ ದಿನ, ಮಾರ್ಚ್ 31 ಅರವತ್ತನೇ ದಿನ. ಐ-94 ಇದಕ್ಕಿಂತ ಮೊದಲೇ ಮುಗಿಯುತ್ತಿದ್ದರೆ ಆ ದಿನವೇ ಗಡಿ. ಇಲ್ಲಿ 2027ರವರೆಗೆ ಇರುವುದರಿಂದ ಪೂರ್ತಿ 60 ಸಿಗುತ್ತದೆ. ಎಚ್‌-4ನಲ್ಲಿರುವ ಹೆಂಡತಿಗೂ ಇದೇ ಗಡಿ.

ಹೊಸ ಕಂಪನಿಯ ಅರ್ಜಿ ಮಾರ್ಚ್ 31ರೊಳಗೆ ವಲಸೆ ಇಲಾಖೆಗೆ ತಲುಪಿರಬೇಕು, ಅಂಚೆಗೆ ಹಾಕಿದರೆ ಸಾಲದು. ಅದಕ್ಕೂ ಮೊದಲು ಕಾರ್ಮಿಕ ಇಲಾಖೆಯಿಂದ ಎಲ್‌ಸಿಎ (ಸಂಬಳ, ಕೆಲಸದ ಷರತ್ತುಗಳ ಬಗ್ಗೆ ಕಂಪನಿ ಹಾಕುವ ಅರ್ಜಿ) ಆಗಬೇಕು, ಅದಕ್ಕೇ ಏಳು ಕೆಲಸದ ದಿನ. ಮೊದಲ ಸಲ ಎಚ್‌-1ಬಿ ಹಾಕುತ್ತಿರುವ ಸಣ್ಣ ಕಂಪನಿಯಾದರೆ ಅದರ ತೆರಿಗೆ ಸಂಖ್ಯೆಯ ಪರಿಶೀಲನೆಗೆ ಇನ್ನಷ್ಟು ದಿನ. ವಕೀಲರು ಕಾಗದ ಸಿದ್ಧಪಡಿಸಲು ನಾಲ್ಕೈದು ದಿನ ಹಿಡಿಯಿರಿ. ಹಾಗಾಗಿ ಆಫರ್ ಲೆಟರ್ ಮಾರ್ಚ್ 10ರ ಆಸುಪಾಸಿಗೆ ಕೈಯಲ್ಲಿರಬೇಕು. 60 ದಿನ ಎಂದು ಕಾಣುವುದು ನಿಜವಾಗಿ 40 ದಿನವೇ. ಅರ್ಜಿ ಸಮಯಕ್ಕೆ ಸೇರಿದರೆ ಮಂಜೂರಾಗುವವರೆಗೆ ಕಾಯದೆ, ಸಲ್ಲಿಕೆಯಾದ ಕೂಡಲೇ ಹೊಸ ಕಡೆ ಕೆಲಸಕ್ಕೆ ಸೇರಬಹುದು.

ಇನ್ನು ಆ 1 ಲಕ್ಷ ಡಾಲರ್. ಘೋಷಣೆ 2025ರ ಸೆಪ್ಟೆಂಬರ್ 21ರಿಂದ 12 ತಿಂಗಳಿಗೆ ಜಾರಿ, ಮುಂದುವರಿಸಲು ಅವಕಾಶವಿಟ್ಟಿದ್ದಾರೆ. ಅಕ್ಟೋಬರ್ 20ರ ಸ್ಪಷ್ಟೀಕರಣದ ಪ್ರಕಾರ ಅಮೆರಿಕದ ಒಳಗೇ ಇದ್ದು ಕಂಪನಿ ಬದಲಾವಣೆ, ವಿಸ್ತರಣೆ, ಸ್ಥಿತಿ ಬದಲಾವಣೆ (ಒಂದು ಬಗೆಯ ವೀಸಾದಿಂದ ಇನ್ನೊಂದಕ್ಕೆ) ಕೇಳುವ ಅರ್ಜಿಗೆ ಆ ಶುಲ್ಕವಿಲ್ಲ. ಅರ್ಜಿ ಹಾಕುವ ದಿನ ವ್ಯಕ್ತಿ ದೇಶದ ಹೊರಗಿದ್ದು, ಕೈಯಲ್ಲಿ ಚಾಲ್ತಿಯಲ್ಲಿರುವ ಎಚ್‌-1ಬಿ ವೀಸಾ ಇಲ್ಲದಿದ್ದರೆ ಶುಲ್ಕ ಬೀಳುತ್ತದೆ. ನೀವು ಹೇಳಿದ ಕುಟುಂಬ ಸರಿಯಾಗಿ ಇದೇ ಸ್ಥಿತಿಯಲ್ಲಿದೆ, ಸ್ಟಾಂಪ್ ಮುಗಿದಿದೆ. ಗಾಬರಿಯಲ್ಲಿ ಫೆಬ್ರವರಿಯಲ್ಲೇ ವಿಮಾನ ಹತ್ತಿದರೆ, ಏಪ್ರಿಲ್‌ನಲ್ಲಿ ಕರೆಯುವ ಕಂಪನಿ 1 ಲಕ್ಷ ಡಾಲರ್ ಕಟ್ಟಿ ಕರೆಸಿಕೊಳ್ಳಬೇಕು. ಎಷ್ಟು ಕಂಪನಿ ಕಟ್ಟೀತು? ಕೆಲಸ ಹುಡುಕುವ ಮನಸ್ಸಿದ್ದರೆ ಅರ್ಜಿ ಮಂಜೂರಾಗುವವರೆಗೆ ಅಲ್ಲಿಂದ ಕದಲಬೇಡಿ.

ಐ-140 ಮಂಜೂರಾಗಿ 180 ದಿನ ದಾಟಿರುವುದರಿಂದ ಹಳೇ ಕಂಪನಿ ಹಿಂತೆಗೆದುಕೊಂಡರೂ ಅದು ರದ್ದಾಗುವುದಿಲ್ಲ, ಗ್ರೀನ್ ಕಾರ್ಡ್ ಸಾಲಿನಲ್ಲಿ ಹಳೇ ದಿನಾಂಕವೇ ಉಳಿಯುತ್ತದೆ. ಆರು ವರ್ಷದ ಮಿತಿ ದಾಟಿ ಮತ್ತೆ ಎಚ್‌-1ಬಿ ಕೇಳಲು ಇದೇ ಆಧಾರ, ಹೊಸಬರ ಹಾಗೆ ಲಾಟರಿಯೂ ಬೇಡ. ಐ-140 ಮಂಜೂರಾತಿ ಪತ್ರದ ಪ್ರತಿ ಕೈಯಲ್ಲಿಲ್ಲದಿದ್ದರೆ ಕಂಪನಿಯ ಇಮೇಲ್ ಬಂದ್ ಆಗುವ ಮೊದಲು ಎಚ್‌ಆರ್ ಹತ್ತಿರ ಕೇಳಿ ಇಟ್ಟುಕೊಳ್ಳಿ. ಕೊನೆಯ ಮೂರು ಪೇ ಸ್ಲಿಪ್, ಎಲ್ಲ ಐ-797 (ವಲಸೆ ಇಲಾಖೆ ಕಳಿಸುವ ಸೂಚನಾ ಪತ್ರ) ಕೂಡ.

ಅವಧಿ ಮುಗಿಯುವ ಮೊದಲೇ ಕಂಪನಿ ತೆಗೆದುಹಾಕಿದರೆ ಊರಿಗೆ ಮರಳುವ ಪ್ರಯಾಣದ ಖರ್ಚನ್ನು ಅದು ಕೊಡಬೇಕು, ನಿಯಮದಲ್ಲೇ ಇದೆ. ಕೆಲಸಗಾರನಿಗೆ ಮಾತ್ರ, ಕುಟುಂಬಕ್ಕಿಲ್ಲ. ಕೇಳದೆ ಬಿಡುವವರೇ ಹೆಚ್ಚು.

ನೇತ್ರಾವತಿ:

ಮಾರ್ಚ್ 31ರೊಳಗೆ ಆಫರ್ ಸಿಗದಿದ್ದರೆ ಬಿ-2ಗೆ (ಪ್ರವಾಸಿ ವೀಸಾ ಸ್ಥಿತಿಗೆ) ಅರ್ಜಿ ಹಾಕಿ ಕಾಯುತ್ತಾರಲ್ಲ, ಅದು ಸುರಕ್ಷಿತವೇ?

ತುಂಗಾತೀರ:

ಅದಕ್ಕೆ ಹಾಕುವ ಐ-539 ಅರ್ಜಿಯನ್ನು 60 ದಿನದೊಳಗೆ ಹಾಕಿದರೆ, ತೀರ್ಪು ಬರುವವರೆಗೆ ಇರಬಹುದು. ಕಾಗದದ ಅರ್ಜಿಗೆ 470 ಡಾಲರ್, ಆನ್‌ಲೈನ್‌ಗೆ 420. ಆದರೆ ಆಗ ಎರಡು ಸೌಲಭ್ಯ ಕೈತಪ್ಪುತ್ತವೆ. ಒಂದು, ಆಮೇಲೆ ಕಂಪನಿ ಎಚ್‌-1ಬಿ ಅರ್ಜಿ ಹಾಕಿದರೆ ಸಲ್ಲಿಕೆಯ ದಿನವೇ ಕೆಲಸಕ್ಕೆ ಸೇರುವಂತಿಲ್ಲ. ಅರ್ಜಿಯೂ ಸ್ಥಿತಿ ಬದಲಾವಣೆಯೂ ಮಂಜೂರಾಗಬೇಕು. ಎರಡು, ಬಿ-2 ಅರ್ಜಿ ತಿರಸ್ಕೃತವಾದರೆ ಅದರ ಮೇಲೆ ನಿಂತ ಎಚ್‌-1ಬಿ ಬದಲಾವಣೆಯೂ ಬೀಳುತ್ತದೆ. ಒಳಗಿನ ಬದಲಾವಣೆ ನಿರಾಕರಣೆಯಾಯಿತೆಂದರೆ ಆ 1 ಲಕ್ಷ ಡಾಲರ್ ಶುಲ್ಕ ಅನ್ವಯಿಸುತ್ತದೆ. ಆಫರ್ ಬಾಯಿಮಾತಿನಲ್ಲಿ ಖಚಿತವಾಗಿ, ಕಾಗದ ಮಾತ್ರ ತಡವಾಗುತ್ತಿದ್ದರೆ ಬಿ-2 ಹಾಕುವುದಕ್ಕೆ ಅರ್ಥವಿದೆ. ಸಂದರ್ಶನವೇ ಇಲ್ಲದೆ ಸುಮ್ಮನೆ ಕಾಯಲು ಹಾಕುವುದನ್ನು ನಾನು ಹೇಳುವುದಿಲ್ಲ.

ಸ್ಟಾಂಪಿಂಗ್, ಅಂದರೆ ಪಾಸ್‌ಪೋರ್ಟಿಗೆ ಹೊಸ ವೀಸಾ ಹಾಕಿಸುವ ಬಗ್ಗೆಯೂ ಹೇಳಿಬಿಡುತ್ತೇನೆ. 2025ರ ಸೆಪ್ಟೆಂಬರ್‌ನಿಂದ ಸಂದರ್ಶನ ವಿನಾಯಿತಿ ಎಚ್‌-1ಬಿಗೆ ಇಲ್ಲ, ಸಂದರ್ಶನವೂ ಸ್ವದೇಶದಲ್ಲೋ ವಾಸವಿರುವ ದೇಶದಲ್ಲೋ ಆಗಬೇಕು. ಡಿಸೆಂಬರ್ 15ರಿಂದ ಎಚ್‌-1ಬಿ, ಎಚ್‌-4 ಇಬ್ಬರ ಸಾಮಾಜಿಕ ಜಾಲತಾಣವನ್ನೂ ನೋಡುತ್ತಾರೆ, ಖಾತೆ ಸಾರ್ವಜನಿಕವಾಗಿ ತೆರೆದಿರಬೇಕು. ಆ ಕಾರಣಕ್ಕೆ ನಮ್ಮ ದೇಶದಲ್ಲಿ ಅನೇಕರ ಅಪಾಯಿಂಟ್‌ಮೆಂಟ್ ತಿಂಗಳುಗಟ್ಟಲೆ ಮುಂದಕ್ಕೆ ಹೋಯಿತು. ಬೆಂಗಳೂರಿನ ಅಮೆರಿಕ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆಯಾಗಿದ್ದರೂ ವೀಸಾ ಕೊಡುವುದು ಅದರೊಂದಿಗೆ ಶುರುವಾಗಲಿಲ್ಲ. ಹೊಸ ಕೆಲಸ ಸಿಕ್ಕ ಖುಷಿಯಲ್ಲಿ ಊರಿಗೆ ಎರಡು ವಾರ ಬಂದು ಹೋಗುವ ಯೋಚನೆ ಸದ್ಯಕ್ಕೆ ಬೇಡ.

ಲೆಕ್ಕದ ಪುಸ್ತಕ ಉತ್ತರ:

ಮರಳಿ ಬರುವುದೇ ಆದರೆ ಅದರ ತೆರಿಗೆ ಭಾಗ ನಾನು ಬರೆಯುತ್ತೇನೆ. ಇಲ್ಲಿ ಎರಡು ಕಾನೂನು ಬೇರೆಬೇರೆ ಓಡುತ್ತವೆ, ಒಂದನ್ನು ಇನ್ನೊಂದರ ಜೊತೆ ಕಲಸಿಕೊಂಡರೆ ದಂಡ ಬೀಳುತ್ತದೆ.

ಫೆಮಾ (ವಿದೇಶಿ ವಿನಿಮಯ ಕಾಯ್ದೆ) ಪ್ರಕಾರ, ನೆಲೆಸುವ ಉದ್ದೇಶದಿಂದ ಬಂದಿಳಿದ ದಿನದಿಂದಲೇ ನೀವು ನಿವಾಸಿ. ಎನ್‌ಆರ್‌ಇ, ಎನ್‌ಆರ್‌ಒ (ಇಲ್ಲಿನ ಆದಾಯ ಇಡುವ ಅನಿವಾಸಿ ಖಾತೆ) ಖಾತೆಗಳನ್ನು ತಡಮಾಡದೆ ಸಾಮಾನ್ಯ ಖಾತೆಯಾಗಿ ಬದಲಿಸಲು ಬ್ಯಾಂಕಿಗೆ ಬರೆಯಬೇಕು. ಎನ್‌ಆರ್‌ಇ ಬಡ್ಡಿಗೆ ತೆರಿಗೆ ಇಲ್ಲದಿದ್ದದ್ದು ನೀವು ಹೊರಗಿದ್ದದ್ದಕ್ಕೆ. ಬಂದ ದಿನದಿಂದ ಆ ಬಡ್ಡಿಗೆ ತೆರಿಗೆ ಶುರು. 'ಡೆಪಾಸಿಟ್ ಮೆಚ್ಯೂರ್ ಆಗುವವರೆಗೆ ತೆರಿಗೆ ಇಲ್ಲ' ಅನ್ನುವುದು ತಪ್ಪು ಮಾತು. ಡಾಲರ್‌ನಲ್ಲಿರುವ ಎಫ್‌ಸಿಎನ್‌ಆರ್ ಡೆಪಾಸಿಟ್ ಮಾತ್ರ ಅವಧಿ ಮುಗಿಯುವವರೆಗೆ ಹಾಗೇ ಇಡಬಹುದು, ಆಮೇಲೆ ಆರ್‌ಎಫ್‌ಸಿ (ಮರಳಿ ಬಂದವರು ವಿದೇಶಿ ಹಣ ಇಡುವ) ಖಾತೆಗೆ ಹಾಕಬಹುದು. ಮುಂದೆ ಮತ್ತೆ ಹೊರಗೆ ಹೋಗುವ ಸಾಧ್ಯತೆ ಇದ್ದರೆ ಆರ್‌ಎಫ್‌ಸಿ ಬಹಳ ಒಳ್ಳೆಯದು. ಅದರಲ್ಲಿರುವ ಡಾಲರ್ ಹೊರಗೆ ಕಳಿಸಲು ಮಿತಿ ಇಲ್ಲ. ರೂಪಾಯಿ ಮಾಡಿಬಿಟ್ಟರೆ ವರ್ಷಕ್ಕೆ 2.5 ಲಕ್ಷ ಡಾಲರ್ ಮಿತಿಯೊಳಗೆ ಬರುತ್ತೀರಿ. ಹೊರಗಿದ್ದಾಗ ಗಳಿಸಿದ ಷೇರು, 401(ಕೆ), ಮನೆ ಯಾವುದನ್ನೂ ಮಾರಬೇಕಾಗಿಲ್ಲ, ಫೆಮಾದ 6(4)ನೇ ಕಲಂ ಇಟ್ಟುಕೊಳ್ಳಲು ಬಿಡುತ್ತದೆ.

ಆದಾಯ ತೆರಿಗೆ ಮಾತ್ರ ದಿನ ಎಣಿಸುತ್ತದೆ. ಮಾರ್ಚ್ ಕೊನೆಗೆ ಇಳಿದರೆ 2025-26 ಪೂರ್ತಿ ಅನಿವಾಸಿ. 2026-27 ಮತ್ತು 2027-28 ಎರಡು ವರ್ಷ ಆರ್‌ಎನ್‌ಒಆರ್, ಅಂದರೆ ನಿವಾಸಿಯಾದರೂ ಸಾಮಾನ್ಯ ನಿವಾಸಿಯಲ್ಲ. ಇದಕ್ಕೆ ಹಿಂದಿನ ಹತ್ತು ವರ್ಷದಲ್ಲಿ ಒಂಬತ್ತು ವರ್ಷ ಅನಿವಾಸಿಯಾಗಿರಬೇಕು, ಅಥವಾ ಹಿಂದಿನ ಏಳು ವರ್ಷದಲ್ಲಿ ಇಲ್ಲಿದ್ದ ದಿನ 729 ದಾಟಿರಬಾರದು. ಎರಡರಲ್ಲಿ ಒಂದು ಸಾಕು.   

ಈ ಎರಡು ವರ್ಷವನ್ನು ಜನ ಸುಮ್ಮನೆ ಕಳೆದುಬಿಡುತ್ತಾರೆ, ಅದೇ ನನಗೆ ಬೇಸರ. ಆರ್‌ಎನ್‌ಒಆರ್ ಇರುವಾಗ ಹೊರದೇಶದ ಷೇರು ಮಾರಿದ ಲಾಭಕ್ಕೆ ಇಲ್ಲಿ ತೆರಿಗೆ ಇಲ್ಲ. ಅಮೆರಿಕದಲ್ಲಿ ತೆರಿಗೆ ನಿವಾಸ ಮುಗಿದ ಮೇಲೆ ಅಲ್ಲೂ ಅನಿವಾಸಿಯ ಷೇರು ಲಾಭಕ್ಕೆ ತೆರಿಗೆ ಹಾಕುವುದಿಲ್ಲ. ಹಾಗಾಗಿ ಏರಿದ ಷೇರು ಮಾರುವುದಿದ್ದರೆ ಹೊರಡುವ ಮೊದಲಲ್ಲ, ಬಂದ ಮೇಲೆ, 2028ರ ಮಾರ್ಚ್ 31ರೊಳಗೆ. ಬ್ರೋಕರ್‌ಗೆ ಡಬ್ಲ್ಯು-8ಬೆನ್ (ಅಲ್ಲಿನ ತೆರಿಗೆ ನಿವಾಸಿಯಲ್ಲ ಎಂದು ಹೇಳುವ ಫಾರಂ) ಕೊಟ್ಟಿರಬೇಕು. ಡಿವಿಡೆಂಡ್‌ಗೆ ಎರಡು ದೇಶದ ತೆರಿಗೆ ಒಪ್ಪಂದದ ಪ್ರಕಾರ ಶೇ 25 ಹಿಡಿಯುತ್ತಾರೆ. ಬೆಂಗಳೂರಿನ ವಿಳಾಸ ಕೊಟ್ಟರೆ ಖಾತೆ ಮುಂದುವರಿಸುತ್ತಾರೋ ಇಲ್ಲವೋ ಹೊರಡುವ ಮೊದಲೇ ಕೇಳಿ, ಎಲ್ಲ ಬ್ರೋಕರ್‌ಗಳೂ ಒಪ್ಪುವುದಿಲ್ಲ.

ಒಂದು ಎಚ್ಚರ: ಯಾವ ಹಣವೂ ಮೊದಲು ನೇರವಾಗಿ ಇಲ್ಲಿನ ಖಾತೆಗೆ ಬೀಳಬಾರದು. ಭಾರತದಲ್ಲಿ ಮೊದಲು ಸ್ವೀಕರಿಸಿದ ಆದಾಯಕ್ಕೆ ಅನಿವಾಸಿಯೂ ತೆರಿಗೆ ಕಟ್ಟಬೇಕು. ಸೆವೆರೆನ್ಸ್ ಕಂತಾಗಲಿ ಷೇರಿನ ಹಣವಾಗಲಿ ಅಮೆರಿಕದ ಖಾತೆಗೇ ಬರಲಿ, ಅಲ್ಲಿಂದ ಕಳಿಸಿ. ಅಮೆರಿಕದಲ್ಲಿ 2026ರ ಜನವರಿ 1ರಿಂದ ಬಂದ ಶೇ 1ರ ರವಾನೆ ತೆರಿಗೆಗೆ ಹೆದರಬೇಡಿ, ಅದು ನಗದು, ಮನಿ ಆರ್ಡರ್, ಕ್ಯಾಷಿಯರ್ ಚೆಕ್ ಕೊಟ್ಟು ಕಳಿಸುವ ಹಣಕ್ಕೆ. ಬ್ಯಾಂಕ್ ಖಾತೆಯಿಂದ ಕಳಿಸಿದರೆ ಇಲ್ಲ.

401(ಕೆ) ಮುಟ್ಟಬೇಡಿ. 59½ ವಯಸ್ಸಿಗೆ ಮೊದಲು ತೆಗೆದರೆ ತೆರಿಗೆಯ ಜೊತೆಗೆ ತೆಗೆದ ಹಣದ ಶೇ 10 ದಂಡ. ಪೂರ್ಣ ನಿವಾಸಿಯಾದ ಮೊದಲ ವರ್ಷ, ರಿಟರ್ನ್ ಸಲ್ಲಿಸುವ ಗಡುವಿನೊಳಗೆ, ಆ ಖಾತೆಯ ವಾರ್ಷಿಕ ಬೆಳವಣಿಗೆಯ ತೆರಿಗೆಯನ್ನು ಹಣ ತೆಗೆಯುವ ಕಾಲಕ್ಕೆ ಮುಂದೂಡುವ ಆಯ್ಕೆ ಮಾಡಿಕೊಳ್ಳಿ. 1961ರ ಕಾಯ್ದೆಯಲ್ಲಿ ಅದು 89ಎ, ಫಾರಂ 10-ಇಇ. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಬರುವುದರಿಂದ ಕಲಂ ಸಂಖ್ಯೆ ಬದಲಾಗುತ್ತದೆ, ಆಗ ಚಾಲ್ತಿಯಲ್ಲಿರುವುದನ್ನು ನೋಡಿಕೊಳ್ಳಿ. ಹೊರದೇಶದ ಆಸ್ತಿಯ ವಿವರ ತುಂಬುವ ಕೆಲಸವೂ ಪೂರ್ಣ ನಿವಾಸಿಯಾದ ವರ್ಷದಿಂದಲೇ. ಬಿಟ್ಟರೆ 10 ಲಕ್ಷ ರೂಪಾಯಿ ದಂಡ ಹಾಕಬಹುದು. ಖಾಲಿ ಬಿದ್ದಿರುವ ಹಳೇ ಉಳಿತಾಯ ಖಾತೆಯನ್ನೂ ಬಿಡದೆ ಬರೆಯಿರಿ.

ಗುಬ್ಬಿಗೂಡು ಉತ್ತರ:

ಮೇಲಿನವರು ದೊಡ್ಡದನ್ನು ಹೇಳಿದ್ದಾರೆ, ಮನೆ ಕಡೆಯದು ಇಷ್ಟು.

ಮೊದಲ ಕೆಲಸ ಮಗಳ ಓಸಿಐ (ಸಾಗರೋತ್ತರ ಭಾರತೀಯರ ಕಾರ್ಡ್). ಅವಳದು ಅಮೆರಿಕದ ಪಾಸ್‌ಪೋರ್ಟ್, ಓಸಿಐ ಅಥವಾ ವೀಸಾ ಇಲ್ಲದೆ ವಿಮಾನ ಹತ್ತಿಸುವುದೇ ಇಲ್ಲ. ಓಸಿಐ ಕೈಗೆ ಬರಲು ವಾರಗಟ್ಟಲೆ ಹಿಡಿಯುವುದರಿಂದ ಕೆಲಸ ಹೋದ ವಾರವೇ ಅರ್ಜಿ ಹಾಕಿ, ಅಲ್ಲೇ ಉಳಿಯುವುದಾದರೂ ನಷ್ಟವಿಲ್ಲ. ಸಮಯಕ್ಕೆ ಬರದಿದ್ದರೆ ಎಂಟ್ರಿ ವೀಸಾ ಮಾಡಿಸಿ. ಪ್ರವಾಸಿ ಇ-ವೀಸಾದಲ್ಲಿ ಕರೆತಂದು ಶಾಲೆಗೆ ಸೇರಿಸಲು ಹೋದರೆ ತೊಂದರೆ. ಅವಳ ಪಾಸ್‌ಪೋರ್ಟಿಗೆ ಒಂದು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಮೊದಲು ಅದನ್ನು ಹೊಸದು ಮಾಡಿಸಿ, ಆಮೇಲೆ ಓಸಿಐ. 16ರೊಳಗಿನವರ ಪಾಸ್‌ಪೋರ್ಟ್ ಐದೇ ವರ್ಷಕ್ಕೆ, ಅಪ್ಪ ಅಮ್ಮ ಇಬ್ಬರೂ ಹೋಗಬೇಕು.

ಜನನ ಪ್ರಮಾಣಪತ್ರದ ದೃಢೀಕೃತ ಪ್ರತಿ ಎರಡು ತೆಗೆಸಿ, ಒಂದಕ್ಕೆ ಅಪೊಸ್ಟಿಲ್ (ಹೊರದೇಶದಲ್ಲಿ ಒಪ್ಪುವ ಸರ್ಕಾರಿ ದೃಢೀಕರಣ) ಹಾಕಿಸಿ. ಹುಟ್ಟಿದ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಲ್ಲೇ ಆಗಬೇಕು, ಈಗ ಇರುವ ರಾಜ್ಯದಲ್ಲಿ ಅಲ್ಲ. ಟೆಕ್ಸಾಸ್‌ನಲ್ಲಿ ಹುಟ್ಟಿದ ಮಗುವಿನ ಪತ್ರಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಹಾಕಿಕೊಡುವುದಿಲ್ಲ. ಶಾಲೆಯಿಂದ ಎರಡು ವರ್ಷದ ಪ್ರಗತಿ ಪತ್ರ, ಬಿಟ್ಟ ದಿನಾಂಕವಿರುವ ಪತ್ರ, ಲಸಿಕೆ ದಾಖಲೆ ತಗೊಳ್ಳಿ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗೂ ಅನ್ವಯ. ಎರಡನೇ ತರಗತಿಗೆ ಸೇರುವ ಮಗುವಿನ ಜೊತೆಗಿನವರು ಆಗಲೇ ಕಾಗುಣಿತ ದಾಟಿ ಒತ್ತಕ್ಷರಕ್ಕೆ ಬಂದಿರುತ್ತಾರೆ. ಮನೇಲಿ ಮಾತಾಡುವ ಕನ್ನಡ ಓದುವುದಕ್ಕೆ ಸಾಲದು. ಈಗಿನಿಂದ ದಿನಕ್ಕೆ ಅರ್ಧ ಗಂಟೆ ಬರೆಸಿ, ಮಗು ತರಗತಿಯಲ್ಲಿ ಮುದುಡಿ ಕೂರುವುದು ತಪ್ಪುತ್ತದೆ.

ಅಮೆರಿಕದ ಫೋನ್ ನಂಬರ್ ಬಿಡಬೇಡಿ. ಬ್ಯಾಂಕ್, 401(ಕೆ), ಬ್ರೋಕರ್ ಎಲ್ಲದರ ಒಟಿಪಿ ಅದಕ್ಕೇ. ಇಂಟರ್ನೆಟ್ ನಂಬರಿಗೆ ಹಲವು ಬ್ಯಾಂಕ್ ಒಟಿಪಿ ಕಳಿಸುವುದಿಲ್ಲ, ಹಾಗಾಗಿ ವೈಫೈ ಕಾಲಿಂಗ್ ಇರುವ ಅಗ್ಗದ ಪ್ರೀಪೇಯ್ಡ್ ಮೊಬೈಲ್ ಸೇವೆಗೆ ಪೋರ್ಟ್ ಮಾಡಿಸಿ, ಅಲ್ಲಿರುವಾಗಲೇ ವೈಫೈ ಕಾಲಿಂಗ್ ಚಾಲೂ ಮಾಡಿ ಒಂದು ಒಟಿಪಿ ಬರಿಸಿ ನೋಡಿ. ಇಲ್ಲಿಗೆ ಬಂದ ಮೇಲೆ ಸರಿಮಾಡುವುದು ಕಷ್ಟ. ಡಬ್ಲ್ಯು-2 (ವರ್ಷದ ಸಂಬಳ, ತೆರಿಗೆ ಕಡಿತದ ಪತ್ರ) ಮುಂದಿನ ಜನವರಿಯಲ್ಲಿ ಬರುತ್ತದೆ, ಕಂಪನಿಗೆ ಸ್ವಂತ ಇಮೇಲ್ ಮತ್ತು ತಲುಪುವ ವಿಳಾಸ ಕೊಟ್ಟು ಬನ್ನಿ. ಕಾರು ಮಾರಿದ ದಿನವೇ ಡಿಎಂವಿಗೆ (ಅಲ್ಲಿನ ಸಾರಿಗೆ ಕಚೇರಿಗೆ) ಮಾರಾಟದ ತಿಳಿವಳಿಕೆ ಹಾಕಿ, ಇಲ್ಲದಿದ್ದರೆ ಕೊಂಡವರ ಟೋಲ್, ಪಾರ್ಕಿಂಗ್ ದಂಡ ನಿಮ್ಮ ಹೆಸರಿಗೇ.

ಆರೋಗ್ಯ ವಿಮೆ: ಹಳೇ ಕಂಪನಿಯ ವಿಮೆಯನ್ನು ಸ್ವಂತ ಖರ್ಚಿನಲ್ಲಿ ಮುಂದುವರಿಸುವ ಕೋಬ್ರಾ ಆಯ್ಕೆಗೆ 60 ದಿನ ಸಮಯವಿದೆ, ಆಯ್ದುಕೊಂಡರೆ ಹಿಂದಿನ ದಿನದಿಂದಲೇ ಲೆಕ್ಕ. ದುಬಾರಿ, ಪ್ರೀಮಿಯಂನ ಶೇ 102ರವರೆಗೆ ಕಟ್ಟಬೇಕಾಗುತ್ತದೆ. ಹೊರಡುವುದು ಖಚಿತವಾದರೆ ಕಾದು ನೋಡಿ, ಏನಾದರೂ ಆದರೆ ಮಾತ್ರ ತಗೊಳ್ಳಬಹುದು. ಆಗ ಹಿಂದಿನ ಕಂತುಗಳನ್ನೆಲ್ಲ ಕಟ್ಟಬೇಕು. ಇಲ್ಲಿನ ಪಾಲಿಸಿಯಲ್ಲಿ ಮೊದಲ 30 ದಿನ ಅಪಘಾತ ಬಿಟ್ಟು ಬೇರೇನೂ ಸಿಗುವುದಿಲ್ಲ, ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಬಿಪಿ, ಶುಗರ್ ಇದ್ದರೆ ಮುಚ್ಚಿಡದೆ ಬರೆಯಿರಿ.

ಸಾಮಾನು: ಅಲ್ಲಿನದು 120 ವೋಲ್ಟ್, ಇಲ್ಲಿ 230. ಮೈಕ್ರೊವೇವ್, ಮಿಕ್ಸರ್, ರೈಸ್ ಕುಕ್ಕರ್ ಹೊರಬೇಡಿ. ಲ್ಯಾಪ್‌ಟಾಪ್ ಚಾರ್ಜರ್ ಮೇಲೆ 100-240 ಎಂದಿದ್ದರೆ ಪಿನ್ ಬದಲಿಸಿದರೆ ಸಾಕು.

ನೇತ್ರಾವತಿ:

ತುಂಬಾ ಉಪಕಾರವಾಯಿತು. ಒಂದೇ ಅನುಮಾನ ಉಳಿದಿದೆ: ಮಾರ್ಚ್ 31ರ ರಾತ್ರಿ ಹೊರಟರೆ ಏಪ್ರಿಲ್ 2ಕ್ಕೆ ಬೆಂಗಳೂರು ತಲುಪುತ್ತಾರೆ. ಅದರಿಂದ ತೆರಿಗೆಯಲ್ಲಿ ವ್ಯತ್ಯಾಸ ಬರುತ್ತದೆಯೇ?

ಲೆಕ್ಕದ ಪುಸ್ತಕ:

ಇಲ್ಲ. ಆಗಲೂ 2025-26 ಅನಿವಾಸಿ, ಮುಂದಿನ ಎರಡು ವರ್ಷ ಆರ್‌ಎನ್‌ಒಆರ್. ಅಮೆರಿಕದ ದಿನ ಎಣಿಸುವ ನಿಯಮದಲ್ಲಿ 2026ಕ್ಕೆ ಈ 90 ದಿನ, 2025ರ ಮೂರನೇ ಒಂದು, 2024ರ ಆರನೇ ಒಂದು ಭಾಗ ಕೂಡಿ 183 ದಾಟುವುದರಿಂದ ಹೊರಡುವವರೆಗೆ ಅಲ್ಲಿನ ತೆರಿಗೆ ನಿವಾಸಿ, ಆಮೇಲೆ ಅಲ್ಲ. ಅಂದರೆ ವರ್ಷದ ಒಂದು ಭಾಗ ನಿವಾಸಿ, ಉಳಿದದ್ದು ಅನಿವಾಸಿ ಎಂದು ಹಾಕುವ ಡ್ಯುಯಲ್ ಸ್ಟೇಟಸ್ ರಿಟರ್ನ್. ಅದರಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುವುದಿಲ್ಲ, ತೆರಿಗೆ ಸ್ವಲ್ಪ ಹೆಚ್ಚಾಗುತ್ತದೆ, ಆ ಹಣ ಅಲ್ಲಿನ ಖಾತೆಯಲ್ಲೇ ಉಳಿಸಿ. ಬೋರ್ಡಿಂಗ್ ಪಾಸ್ ಇಟ್ಟುಕೊಳ್ಳಿ, ಹೊರಟ ದಿನಾಂಕಕ್ಕೆ ಅದೇ ಪುರಾವೆ.

ತುಂಗಾತೀರ:

ವೀಸಾ ಕಡೆಯಿಂದ ಮಾತ್ರ 31ರ ರಾತ್ರಿಯ ಟಿಕೆಟ್ ಬೇಡ. ವಿಮಾನ ರದ್ದಾಗಿ ಮರುದಿನ ಹೊರಟರೆ ಒಂದು ದಿನ ಮೀರಿದ ದಾಖಲೆ ಉಳಿಯುತ್ತದೆ, ಮುಂದಿನ ಪ್ರತಿ ವೀಸಾ ಅರ್ಜಿಯಲ್ಲೂ ಅದಕ್ಕೆ ಉತ್ತರ ಕೊಡಬೇಕು. 27 ಅಥವಾ 28ಕ್ಕೆ ಹೊರಡಿ. ತಲುಪಿದ ವಾರದಲ್ಲಿ ಐ-94 ತಾಣದಲ್ಲಿ ಪ್ರಯಾಣದ ಇತಿಹಾಸ ತೆರೆದು, ನಿರ್ಗಮನ ದಾಖಲಾಗಿದೆಯೇ ನೋಡಿ, ಆ ಪುಟವನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ.