ಕುಕ್ಕರಿನಲ್ಲಿ ಕುಚ್ಚಲಕ್ಕಿ ಬೇಯುತ್ತಿಲ್ಲ, ತಿಳಿದವರು ಹೇಳಿ

ನೀರ್ಚಾಲು_ನಿವಾಸಿ
ಮಳೆಗಾಲ ಮುಗಿದಾಗಿನಿಂದ ಇದೇ ಗೋಳು. ಕುಕ್ಕರಿನಲ್ಲಿಟ್ಟ ಅನ್ನ ಹೊರಗೆ ಮೆತ್ತಗೆ, ಅಗುಳಿನ ನಡುವೆ ಹರಳು. ಅಕ್ಕಿ ಅದೇ, ಅಂಗಡಿ ಅದೇ, ಬಾವಿ ಅದೇ, ಕುಕ್ಕರ್ ಅದೇ. ಏನೂ ಬದಲಾಗಿಲ್ಲ. ಅಷ್ಟೇ ಅಲ್ಲ, ಈಗ ಬಿಸಿನೀರನ್ನೇ ಹಾಕುತ್ತಿದ್ದೇನೆ. ಆದರೂ ಬೇಯುವುದಿಲ್ಲ ಎಂದರೆ ಏನರ್ಥ? ಮನೆಯವರು ಬೆಳ್ತಿಗೆ ಅನ್ನಕ್ಕೆ ಬದಲಾಯಿಸೋಣ ಎನ್ನುತ್ತಿದ್ದಾರೆ. ನನಗೆ ಗಂಜಿ ಬೇಕು. "ಹೊಸ ಕುಕ್ಕರ್ ತೆಗೆದುಕೊಳ್ಳಿ" ಎಂಬ ಉತ್ತರ ಬೇಡ.

ಉಪ್ಪಳ_ವಯರಿಂಗ್
ಗ್ಯಾಸ್ಕೆಟ್ ಹೋಗಿದೆ. ಕಣ್ಣು ಮುಚ್ಚಿ ಬದಲಾಯಿಸಿ. ಆವಿ ಬದಿಯಿಂದ ಸೋರುತ್ತಿದ್ದರೆ ಒಳಗೆ ಒತ್ತಡ ಏರುವುದಿಲ್ಲ, ಒತ್ತಡ ಏರದೆ 120 ಡಿಗ್ರಿಯ ಹತ್ತಿರ ಹೋಗುವುದಿಲ್ಲ, ಅಕ್ಕಿ ಬೇಯುವುದಿಲ್ಲ. ಮುಚ್ಚಳದ ಸುತ್ತ ನೀರಿನ ಹನಿ ಕಾಣುತ್ತದೆಯೇ ನೋಡಿ.

ಬೋವಿಕ್ಕಾನ_ಬೋರು
ಗ್ಯಾಸ್ಕೆಟ್ ಅಲ್ಲ, ನೀರು. ನಮ್ಮಲ್ಲಿ ಕೊಳವೆಬಾವಿ ತೋಡಿಸಿದ ವರ್ಷದಿಂದ ತೊಗರಿಬೇಳೆ ಬೇಯಿಸುವುದೇ ಒಂದು ಯುದ್ಧ. ಗಡಸು ನೀರಿನಲ್ಲಿ ಯಾವುದೂ ಬೇಯುವುದಿಲ್ಲ. ಚಿಟಿಕೆ ಸೋಡಾ ಹಾಕಿ ನೋಡಿ.

ನೀರ್ಚಾಲು_ನಿವಾಸಿ
ಬಾವಿ ನೀರು ಎಂದು ಬರೆದಿದ್ದೇನಲ್ಲ! ಕೊಳವೆಬಾವಿ ನಮಗಿಲ್ಲ. ಗ್ಯಾಸ್ಕೆಟ್ ಹೇಳಿದವರಿಗೆ: ಈ ಕುಕ್ಕರಿಗೆ ಗ್ಯಾಸ್ಕೆಟ್ ಎಲ್ಲಿದೆ?

ಉಪ್ಪಳ_ವಯರಿಂಗ್
ಗ್ಯಾಸ್ಕೆಟ್ ಇಲ್ಲದ ಪ್ರೆಶರ್ ಕುಕ್ಕರನ್ನು ನಾನು ಕಂಡಿಲ್ಲ. ಹಾಗಾದರೆ ವೋಲ್ಟೇಜ್ ಇರಬೇಕು. ಸಂಜೆ ಏಳರಿಂದ ಹತ್ತರವರೆಗೆ ನಮ್ಮ ಲೈನಿನಲ್ಲಿ 180ರ ಮೇಲೆ ಏರುವುದಿಲ್ಲ. 230 ವೋಲ್ಟಿನಲ್ಲಿ 1500 ವಾಟ್ ಎಳೆಯುವ ಕಾಯಿಲ್ 180ರಲ್ಲಿ ಸುಮಾರು 920 ವಾಟ್ ಮಾತ್ರ ಕೊಡುತ್ತದೆ, ಏಕೆಂದರೆ ವೋಲ್ಟೇಜ್ ಇಳಿದಂತೆ ಶಕ್ತಿ ಅದರ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. ಒಂದೂವರೆ ಲೀಟರ್ ನೀರು ಕಾಯಲು ಐದು ನಿಮಿಷ ಸಾಕಾಗುತ್ತಿದ್ದ ಕೆಟಲಿಗೆ ಎಂಟು ನಿಮಿಷ ಬೇಕಾಗುತ್ತದೆ. ಸ್ಟೆಬಿಲೈಸರ್ ಹಾಕಿಸಿ.

ಹೊಸೂರು_ಹಂಚು
ನಾನು ಕೃಷ್ಣಗಿರಿ ಜಿಲ್ಲೆಯವನು. ನಮ್ಮಲ್ಲಿ ಎತ್ತರದ ಕಾರಣಕ್ಕೆ ನೀರು 97 ಡಿಗ್ರಿಯಲ್ಲೇ ಕುದಿಯುತ್ತದೆ. ಅಕ್ಕನ ಮನೆ ಊಟಿಯಲ್ಲಿ, ಅಲ್ಲಿ 2240 ಮೀಟರ್. ನೀರು ಕುದಿಯುವುದು 92–93ರಲ್ಲಿ, ತೆರೆದ ಪಾತ್ರೆಯಲ್ಲಿ ಅನ್ನ ಮಾಡುವ ಧೈರ್ಯ ಯಾರಿಗೂ ಇಲ್ಲ. 300 ಮೀಟರಿಗೆ ಹೆಚ್ಚುಕಡಿಮೆ ಒಂದು ಡಿಗ್ರಿ ಇಳಿಯುತ್ತದೆ. ನಿಮ್ಮ ಮನೆ ಗುಡ್ಡದ ಮೇಲಿದೆಯೇ?

ಪೆರ್ಲ_ಸುರಂಗ
ಹೊಸೂರಿನ ಅಣ್ಣ, ನೀರ್ಚಾಲಿನ ಗುಡ್ಡ ಹತ್ತಿದರೆ ಸಮುದ್ರ ಕಾಣಿಸಬಹುದು, ಕುದಿಯುವ ಬಿಂದು ಇಳಿಯುವುದಿಲ್ಲ.
ಬೋವಿಕ್ಕಾನದವರ ಮಾತೂ ಅರ್ಧವೇ. ಗಡಸು ನೀರು ಸತಾಯಿಸುವುದು ಬೇಳೆಕಾಳನ್ನು. ಕ್ಯಾಲ್ಸಿಯಂ ಹೋಗಿ ಕಾಳಿನ ಪೆಕ್ಟಿನನ್ನು ಬಿಗಿಯುತ್ತದೆ, ಅದಕ್ಕೇ ಬೇಳೆ ಕರಗುವುದಿಲ್ಲ. ಅಕ್ಕಿಗೆ ಆ ತಾಪತ್ರಯ ಅಷ್ಟಿಲ್ಲ. ಮೇಲಾಗಿ ನಮ್ಮ ಮುರಕಲ್ಲಿನ ನೆಲದ ಬಾವಿ ನೀರು ಗಡಸಲ್ಲ, ಮೆದು. ತುಸು ಹುಳಿಯ ಗುಣ ಬೇಕಾದರೆ ಇದೆ, ಹಳೆಯ ಜಿ.ಐ. ಪೈಪುಗಳನ್ನು ತಿನ್ನುವುದು ಅದೇ. ನಮ್ಮ ಸುರಂಗದ ನೀರಿನಲ್ಲಿ ಅಜ್ಜನ ಕಾಲದ ತಾಮ್ರದ ಹಂಡೆಗೆ ಇಂದಿಗೂ ಬಿಳಿ ಪದರ ಕಟ್ಟಿಲ್ಲ. ಗುಡ್ಡದ ಹೊಟ್ಟೆಗೆ ಅಡ್ಡವಾಗಿ ಕೊರೆದ ಸುರಂಗ, ಪಂಪ್ ಬೇಡ, ಕರೆಂಟ್ ಬೇಡ, ನೀರು ತಾನಾಗಿ ಅಂಗಳದ ತೊಟ್ಟಿಗೆ ಬಂದು ಬೀಳುತ್ತದೆ.

ಬೋವಿಕ್ಕಾನ_ಬೋರು
ಸುರಂಗ ಇದ್ದವರು ಎಲ್ಲ ಚರ್ಚೆಗೂ ಸುರಂಗ ತರುತ್ತಾರೆ. ಏಪ್ರಿಲಿನಲ್ಲಿ ನಿಮ್ಮ ತೊಟ್ಟಿಯ ಫೋಟೋ ಹಾಕಿ, ಆಗ ಮಾತನಾಡೋಣ. ನೀರು ಪರೀಕ್ಷೆ ಮಾಡಿಸದೆ ಮೆದು, ಹುಳಿ ಎಂದು ನೀವು ಹೇಗೆ ಹೇಳುತ್ತೀರಿ?

ಮುಳ್ಳೇರಿಯ_ಅತ್ತೆ
ಎಲ್ಲರೂ ಸ್ವಲ್ಪ ನಿಲ್ಲಿ. ನೀರ್ಚಾಲಿನವರೇ, ನಿಮ್ಮದು ಸೀಟಿ ಹೊಡೆಯುವ ಕುಕ್ಕರೋ, ಅನ್ನದ ಪಾತ್ರೆಯನ್ನು ಕುದಿಸಿ ಒಳಗಿಟ್ಟು ಮುಚ್ಚುವ ದಪ್ಪ ಗೋಡೆಯ ಥರ್ಮಲ್ ಕುಕ್ಕರೋ?

ನೀರ್ಚಾಲು_ನಿವಾಸಿ
ಥರ್ಮಲ್ಲೇ. ಅನ್ನಕ್ಕೆ ಮತ್ತೆ ಯಾವುದನ್ನು ಬಳಸುತ್ತಾರೆ? ನಮ್ಮ ಕಡೆ ಮನೆಮನೆಯಲ್ಲೂ ಅದೇ ಇದೆ, ಬೇರೆ ಹೇಳುವ ಅಗತ್ಯ ಕಾಣಲಿಲ್ಲ.

ಉಪ್ಪಳ_ವಯರಿಂಗ್
ಭಾವ, ಇದನ್ನು ಮೊದಲೇ ಹೇಳಿದ್ದರೆ ನನ್ನ ಅರ್ಧ ಗಂಟೆ ಉಳಿಯುತ್ತಿತ್ತು. ವೋಲ್ಟೇಜಿನ ಮಾತು ಮಾತ್ರ ಸುಳ್ಳಲ್ಲ.

ಮುಳ್ಳೇರಿಯ_ಅತ್ತೆ
ಹಾಗಾದರೆ ಮೂರು ಪ್ರಶ್ನೆ. ಕುದಿಸುವುದು ಸೌದೆ ಒಲೆಯಲ್ಲೋ, ಗ್ಯಾಸಿನಲ್ಲೋ? "ಬಿಸಿನೀರು" ಎಂದಿರಿ, ಅದು ಎಲ್ಲಿಂದ ಬರುತ್ತದೆ? ಅಕ್ಕಿ ಎಷ್ಟು ಹಾಕುತ್ತೀರಿ, ಮೊದಲು ಎಷ್ಟು ಹಾಕುತ್ತಿದ್ದಿರಿ?

ನೀರ್ಚಾಲು_ನಿವಾಸಿ
ಅಡುಗೆಮನೆ ರಿಪೇರಿ ಮಾಡಿಸಿದ ಮೇಲೆ ಗ್ಯಾಸ್. ಛಾವಣಿಯಲ್ಲಿ ಸೋಲಾರ್ ಕೂರಿಸಿದೆವು, ಅದರ ನಳ್ಳಿ ಅಡುಗೆಮನೆಗೂ ಬಂದಿದೆ, ಕೈ ಸುಡುವಷ್ಟು ಬಿಸಿ. ಅದನ್ನೇ ಪಾತ್ರೆಗೆ ಹಿಡಿದು, ಅಕ್ಕಿ ಹಾಕಿ, ಕುದಿ ಬಂದ ಕೂಡಲೇ ಇಳಿಸಿ ಕುಕ್ಕರಿಗೆ ಇಡುತ್ತೇನೆ. ಮೊದಲೂ ಕುದಿ ಬಂದ ಕೂಡಲೇ ಇಳಿಸುತ್ತಿದ್ದದ್ದು. ಅಕ್ಕಿ ಈಗ ಕಡಿಮೆಯೇ, ತಮ್ಮನ ಸಂಸಾರ ಬೇರೆ ಮನೆಗೆ ಹೋಯಿತು, ಮಗಳು ಮಂಗಳೂರಿನ ಹಾಸ್ಟೆಲಿನಲ್ಲಿ. ಇಬ್ಬರಿಗೆ ಎರಡು ಕುಡ್ತೆ ಸಾಕು. ಅದಕ್ಕೂ ಇದಕ್ಕೂ ಏನು ಸಂಬಂಧ? ಕಡಿಮೆ ಅಕ್ಕಿ ಬೇಗ ಬೇಯಬೇಕಲ್ಲವೇ?

ಮಂಜೇಶ್ವರ_ಮೀಟರ್
ಏನೂ ಬದಲಾಗಿಲ್ಲ ಎಂದವರು ಒಲೆ, ನೀರು, ಅಳತೆ ಮೂರನ್ನೂ ಬದಲಾಯಿಸಿದ್ದೀರಿ.

ಬೋವಿಕ್ಕಾನ_ಬೋರು
ನೋಡಿ, ಕೊನೆಗೂ ನೀರೇ! ಸೋಲಾರ್ ಟ್ಯಾಂಕಿನ ನೀರು ಕುಡಿಯುವುದಕ್ಕೂ ಅಡುಗೆಗೂ ಅಲ್ಲ. ಒಳಗೆ ಕೆಸರು, ತುಕ್ಕು, ತುಕ್ಕು ತಡೆಯಲು ಮೆಗ್ನೀಸಿಯಂ ಕೋಲು. ಆ ಮೆಗ್ನೀಸಿಯಂ ಕರಗಿ ನೀರು ಗಡಸಾಗುತ್ತದೆ, ಅಕ್ಕಿ ಬೇಯುವುದಿಲ್ಲ. ನಾನು ಮೊದಲೇ ಹೇಳಿದ್ದು ಇದನ್ನೇ.

ಪೆರ್ಲ_ಸುರಂಗ
ನೀವು ಮೊದಲು ಹೇಳಿದ್ದು ಕೊಳವೆಬಾವಿ. ಆ ಕೋಲಿನಿಂದ ಕರಗುವ ಮೆಗ್ನೀಸಿಯಂ ಅನ್ನವನ್ನು ಕಲ್ಲು ಮಾಡುವಷ್ಟು ಬರುವುದಿಲ್ಲ. ಟ್ಯಾಂಕಿನಲ್ಲಿ ಕೂತ ನೀರನ್ನು ಅಡುಗೆಗೆ ಬಳಸಬೇಡಿ ಎಂಬುದನ್ನು ಮಾತ್ರ ಒಪ್ಪುತ್ತೇನೆ. ನಮ್ಮ ಹುಳಿ ಗುಣದ ನೀರು ಲೋಹವನ್ನು ತಿನ್ನುತ್ತದೆ, ಬಿಸಿಯಾದರೆ ಇನ್ನಷ್ಟು. ಸ್ನಾನಕ್ಕೆ, ಪಾತ್ರೆ ತೊಳೆಯಲು ಸರಿ.

ಉಪ್ಪಳ_ವಯರಿಂಗ್
ಬಿಸಿನೀರಿಗಿಂತ ತಣ್ಣೀರು ಬೇಗ ಕುದಿಯುತ್ತದೆ ಎಂದು ಎಲ್ಲೋ ಓದಿದ್ದೇನೆ. ಅದೂ ಕಾರಣವಿರಬಹುದೇ?

ಮಂಜೇಶ್ವರ_ಮೀಟರ್
ಇಲ್ಲ. ನೀವು ಓದಿದ್ದು ಹೆಪ್ಪುಗಟ್ಟುವ ವಿಚಾರ. ಬಿಸಿಯದು ಬೇಗ ಹೆಪ್ಪುಗಟ್ಟುತ್ತದೆ ಎಂದು 1960ರ ದಶಕದಲ್ಲಿ ಟಾಂಜಾನಿಯಾದ ಶಾಲಾ ಹುಡುಗ ಎರಾಸ್ಟೊ ಎಂಪೆಂಬಾ ಎತ್ತಿದ ಪ್ರಶ್ನೆ ಅದು, ಅದರ ಮೇಲೂ ಇನ್ನೂ ಜಗಳವಿದೆ. ಕುದಿಯಲು 27 ಡಿಗ್ರಿಯಿಂದ ಹೊರಟ ನೀರು 60ರಿಂದ ಹೊರಟದ್ದನ್ನು ಹಿಂದೆ ಹಾಕುವುದಿಲ್ಲ.
ಸೋಲಾರ್ ನೀರಿನ ಉಳಿತಾಯವನ್ನೂ ಹೇಳಿಬಿಡುತ್ತೇನೆ. ನಾಲ್ಕು ಲೀಟರನ್ನು 27ರಿಂದ ಕುದಿಗೆ ತರಲು ಗ್ಯಾಸ್ ಸುಮಾರು 40 ಗ್ರಾಂ, 60ರಿಂದಾದರೆ ಸುಮಾರು 22 ಗ್ರಾಂ. ದಿನಕ್ಕೊಮ್ಮೆ ಎಂದರೂ ತಿಂಗಳಿಗೆ ಅರ್ಧ ಕಿಲೋ. 14.2 ಕಿಲೋ ಸಿಲಿಂಡರಿನಲ್ಲಿ ಅದಕ್ಕಾಗಿ ಟ್ಯಾಂಕಿನ ನೀರು ಉಣ್ಣಬೇಕೇ ಎಂದು ನೀವೇ ಯೋಚಿಸಿ.

ಮುಳ್ಳೇರಿಯ_ಅತ್ತೆ
ನೀರ್ಚಾಲಿನವರೇ, ಇದನ್ನು ಓದಿ. ಥರ್ಮಲ್ ಕುಕ್ಕರ್ ಬಿಸಿ ಮಾಡುವುದಿಲ್ಲ, ನೀವು ಕೊಟ್ಟ ಬಿಸಿಯನ್ನು ಹಿಡಿದಿಡುತ್ತದೆ, ಅಷ್ಟೆ. ಮೊದಲು ಪಾತ್ರೆ ತುಂಬ ಗಂಜಿ ಇತ್ತು, ಅದರಲ್ಲಿದ್ದ ಕಾವು ಬಹಳ. ಈಗ ಅದೇ ದೊಡ್ಡ ಪಾತ್ರೆಯ ಅಡಿಯಲ್ಲಿ ಎರಡು ಕುಡ್ತೆ ಅಕ್ಕಿ, ಮೇಲೆಲ್ಲ ಖಾಲಿ. ಗೋಡೆಯಿಂದ ಹೋಗುವ ಬಿಸಿ ಹೆಚ್ಚುಕಡಿಮೆ ಅಷ್ಟೇ, ಕೂಡಿಟ್ಟ ಬಿಸಿ ಮಾತ್ರ ಕಾಲು ಭಾಗವಾಗಿರಬಹುದು. ಬೇಗ ಆರದೆ ಏನು ಮಾಡುತ್ತದೆ? 70ರ ಹತ್ತಿರ ಇಳಿದರೆ ಕುಚ್ಚಲಕ್ಕಿಯ ನಡುಭಾಗ ಮೆದುವಾಗುವುದು ನಿಂತೇ ಹೋಯಿತು ಎಂದುಕೊಳ್ಳಿ.
ಎರಡನೆಯದು ಒಲೆ. ಸೌದೆ ಒಲೆಯಲ್ಲಿ ತಣ್ಣೀರಿಗೆ ಅಕ್ಕಿ ಹಾಕಿ ಕುದಿ ಬರುವಷ್ಟರಲ್ಲಿ ಅಕ್ಕಿ ಅರ್ಧ ಗಂಟೆ ಬಿಸಿನೀರಿನಲ್ಲಿ ನೆನೆದಿರುತ್ತಿತ್ತು. ಇಳಿಸಲು ಸ್ವಲ್ಪ ತಡವಾದರೂ ಕೆಂಡದ ಮೇಲೆ ಕುದಿಯುತ್ತಲೇ ಇರುತ್ತಿತ್ತು. ಈಗ ಬಿಸಿನೀರು, ಗ್ಯಾಸಿನ ಉರಿ, ಕೆಲವೇ ನಿಮಿಷಕ್ಕೆ ಗುಳ್ಳೆ. ನೀವು ಕುದಿ ನೋಡಿ ಇಳಿಸಿದಿರಿ, ಅಕ್ಕಿಗೆ ನೀರು ಕುಡಿಯಲು ಸಮಯವೇ ಸಿಗಲಿಲ್ಲ.
ನಾನು ಮಾಡುವುದು: ಅಕ್ಕಿ ತೊಳೆದು ಅರ್ಧ ಗಂಟೆ ನೆನೆಹಾಕುತ್ತೇನೆ, ಕುದಿ ಬಂದ ಮೇಲೆ ಹತ್ತು ಹದಿನೈದು ನಿಮಿಷ ಚೆನ್ನಾಗಿ ಮರಳಲು ಬಿಡುತ್ತೇನೆ, ಮುಚ್ಚಳ ಹಾಕಿದ ಹಾಗೆಯೇ ಒಳಗಿಡುತ್ತೇನೆ, ನಡುವೆ ತೆರೆದು ನೋಡುವುದಿಲ್ಲ. ಇಬ್ಬರೇ ಇದ್ದರೆ ನೀರು ಧಾರಾಳ ಹಾಕಿ, ಹೇಗೂ ಬಸಿಯುತ್ತೀರಿ. ಆ ನೀರೇ ನಿಮ್ಮ ಬಿಸಿಯ ದಾಸ್ತಾನು. ಇಲ್ಲವಾದರೆ ಒಂದು ಕಿಲೋದ ಚಿಕ್ಕ ಕುಕ್ಕರ್ ಸಿಗುತ್ತದೆ.

ನೀರ್ಚಾಲು_ನಿವಾಸಿ
ಹೊಸ ಕುಕ್ಕರ್ ಬೇಡ ಎಂದು ಮೊದಲೇ ಬರೆದಿದ್ದೆ. ಉಳಿದದ್ದನ್ನು ನೋಡುತ್ತೇನೆ.

ಹೊಸೂರು_ಹಂಚು
ಉಪ್ಪನ್ನು ಮೊದಲೇ ಹಾಕುತ್ತೀರಾ? ಉಪ್ಪು ಹಾಕಿದರೆ ಕುದಿಯುವ ಬಿಂದು ಏರುತ್ತದೆ, ಬೇಗ ಬೇಯುತ್ತದೆ.

ಮಂಜೇಶ್ವರ_ಮೀಟರ್
ಒಂದು ಡಿಗ್ರಿ ಏರಿಸಲು ಲೀಟರಿಗೆ 58 ಗ್ರಾಂ ಉಪ್ಪು ಬೇಕು. ಅದನ್ನು ಉಣ್ಣುವವರು ಯಾರು?
ಅತ್ತೆ ಹೇಳಿದ್ದು ಸರಿ. ಪ್ರೋಬ್ ಇರುವ ಥರ್ಮಾಮೀಟರ್ ಇದ್ದರೆ ಒಂದು ಗಂಟೆಯ ಬಳಿಕ ಒಮ್ಮೆ ಅಳೆದುಬಿಡಿ, ಊಹೆ ಬೇಡ. ನನ್ನಲ್ಲಿ ಎರಡು ಚಾನೆಲಿನದು ಇದೆ, ಒಂದು ತಂತಿ ಅನ್ನದಲ್ಲಿ, ಇನ್ನೊಂದು ಗೋಡೆಯಲ್ಲಿ, ಮೊಬೈಲಿನಲ್ಲಿ ಗೆರೆ ಬರುತ್ತದೆ.

ಪೆರ್ಲ_ಸುರಂಗ
ಗೆರೆ ನೋಡಿ ಅನ್ನ ಉಣ್ಣುವ ಕಾಲ ಬಂತು. ನಮ್ಮಲ್ಲಿ ಬಚ್ಚಲಿನ ಹಂಡೆಗೆ ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆ, ಸೋಗೆ. ಒಂದು ರೂಪಾಯಿ ಖರ್ಚಿಲ್ಲ, ಬೆಳಿಗ್ಗೆ ಹಚ್ಚಿದರೆ ಮನೆಮಂದಿಯ ಸ್ನಾನ ಮುಗಿದರೂ ನೀರು ಬಿಸಿ.

ಬೋವಿಕ್ಕಾನ_ಬೋರು
ನಮ್ಮದು ಗೋಬರ್ ಗ್ಯಾಸ್. ಹಟ್ಟಿಯಲ್ಲಿ ಮೂರು ಹಸು, ಒಲೆ ಎರಡು. ಹಂಡೆಯ ಹೊಗೆಯೂ ಇಲ್ಲ, ಸಿಲಿಂಡರಿನ ಬುಕಿಂಗೂ ಇಲ್ಲ.

ಪೆರ್ಲ_ಸುರಂಗ
ಮಳೆಗಾಲದಲ್ಲಿ ನಿಮ್ಮ ಗ್ಯಾಸ್ ಏಳುವುದಿಲ್ಲ ಎಂದು ಕಳೆದ ಜುಲೈಯಲ್ಲಿ ಇಲ್ಲೇ ಅತ್ತದ್ದು ಯಾರು?

ನಿರ್ವಾಹಕ
ಹಂಡೆ, ಹಟ್ಟಿ, ಸುರಂಗದ ಮಾತಿಗೆ ಬೇರೆ ಎಳೆ ತೆರೆಯಿರಿ.

ನೀರ್ಚಾಲು_ನಿವಾಸಿ
ನೆನೆಹಾಕಿ, ಮರಳಿಸಿ ಇಟ್ಟೆ. ಹರಳು ಇಲ್ಲ, ಆದರೆ ಈಗ ತೆರೆಯುವಾಗ ಮೊದಲಿನಷ್ಟು ಬಿಸಿ ಇರುವುದಿಲ್ಲ. ಮನೆಯವರು ಸೋಲಾರ್ ನೀರೇ ಬೇಡ ಎಂದು ಅಡುಗೆಮನೆಯ ಆ ನಳ್ಳಿಯನ್ನು ತೆಗೆಸಿದ್ದಾರೆ. ರಾತ್ರಿ ಇಟ್ಟು ಬೆಳಿಗ್ಗೆ ಬಸಿದರೆ ಆಗುತ್ತದೆಯೇ?

ಮುಳ್ಳೇರಿಯ_ಅತ್ತೆ
ಬೇಡ. 60 ಡಿಗ್ರಿಗಿಂತ ಕೆಳಗೆ ಬಂದ ಅನ್ನ ಗಂಟೆಗಟ್ಟಲೆ ಉಗುರುಬೆಚ್ಚಗೆ ಕುಳಿತರೆ ಹಳಸುತ್ತದೆ, ಕೆಲವೊಮ್ಮೆ ವಾಸನೆಯೂ ಬರುವುದಿಲ್ಲ. ಆ ಕ್ರಿಮಿಯ ಬೀಜ ಕುದಿಸಿದರೂ ಸಾಯುವುದಿಲ್ಲ. ಪಾತ್ರೆ ತುಂಬ ಇದ್ದಾಗ ನಡೆಯುತ್ತಿದ್ದದ್ದು ಈಗ ನಡೆಯುವುದಿಲ್ಲ. ಒಂದೂವರೆ ಗಂಟೆಗೆ ಬಸಿದುಬಿಡಿ.

ಕುಂಬಳೆ_ಹೊಸಬ
ಎಳೆ ಹಳೆಯದು, ಕ್ಷಮಿಸಿ. ಅದೇ ಕುಕ್ಕರಿನಲ್ಲಿ ರಾಜ್ಮಾ ಇಡಬಹುದೇ? ಒಂದು ಕುದಿ ತಂದು ಇಟ್ಟರೆ ಸಂಜೆಗೆ ಬೆಂದಿರುತ್ತದೆಯೇ?

ಮಂಜೇಶ್ವರ_ಮೀಟರ್
ಒಂದು ಕುದಿ ತಂದು ಇಡಲೇಬೇಡಿ. ಹಸಿ ರಾಜ್ಮಾದಲ್ಲಿ ಹೊಟ್ಟೆ ಕೆಡಿಸುವ ಲೆಕ್ಟಿನ್ ಇದೆ, 75–80 ಡಿಗ್ರಿಯಲ್ಲಿ ಅದು ಹೋಗುವುದಿಲ್ಲ. ರಾತ್ರಿ ನೆನೆಹಾಕಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಭರ್ಜರಿಯಾಗಿ ಕುದಿಸಿದ ಮೇಲೆ ಬೇಕಾದರೆ ಒಳಗಿಡಿ. ಸೀಟಿ ಹೊಡೆಯುವ ಕುಕ್ಕರ್ ಮನೆಯಲ್ಲಿದ್ದರೆ ರಾಜ್ಮಾಕ್ಕೆ ಅದೇ ಒಳ್ಳೆಯದು.

ಉಪ್ಪಳ_ವಯರಿಂಗ್
ಗ್ಯಾಸ್ಕೆಟ್ ಮಾತ್ರ ನೋಡಿಕೊಳ್ಳಿ.