ನಾಣ್ಯದ ಮೇಲಿನ ರೋಮನ್ ಅಂಕಿ ಎಣಿಸುತ್ತಿರುವುದು ಏನನ್ನು?

ಪ್ರಶ್ನೆ

ಹಳೆಯ ನಾಣ್ಯಗಳ ಒಂದು ಸಣ್ಣ ಸಂಗ್ರಹಕ್ಕೆ ಪಟ್ಟಿ ತಯಾರಿಸುತ್ತಿದ್ದೇನೆ. ಪ್ರತಿಯೊಂದು ನಾಣ್ಯಕ್ಕೂ ಒಂದು ಚೀಟಿ ಬರೆದು, ಅದರಲ್ಲಿ ಅರಸನ ಹೆಸರು, ಇಸವಿ, ಮುಖಬೆಲೆ ಮತ್ತು ತೂಕವನ್ನು ದಾಖಲಿಸುವುದು ನಾನು ಇಟ್ಟುಕೊಂಡಿರುವ ಕ್ರಮ. ಐ ಎಂದರೆ 1, ವಿ ಎಂದರೆ 5, ಎಕ್ಸ್ ಎಂದರೆ 10, ಎಲ್ ಎಂದರೆ 50, ಸಿ ಎಂದರೆ 100, ಡಿ ಎಂದರೆ 500, ಎಂ ಎಂದರೆ 1000 ಎಂಬುದನ್ನು ಶಾಲೆಯಲ್ಲೇ ಕಲಿತಿರುವುದರಿಂದ ರೋಮನ್ ಅಂಕಿಗಳನ್ನು ಓದುವುದು ನನಗೆ ಕಷ್ಟವಲ್ಲ. ಆದರೆ ಓದಿದ ಮೇಲೆ ಸಿಕ್ಕ ಸಂಖ್ಯೆಯನ್ನು ಚೀಟಿಯಲ್ಲಿ ಎಲ್ಲಿ ಬರೆಯಬೇಕೆಂಬುದೇ ತಿಳಿಯುತ್ತಿಲ್ಲ. ಸುಲಭವಾಗಲೆಂದು ಇಲ್ಲಿ ಅಕ್ಷರಗಳನ್ನು ಅವುಗಳ ಹೆಸರಿನಿಂದಲೇ ಬರೆದಿದ್ದೇನೆ.

ಬ್ರಿಟನ್ನಿನ ಮೂರನೆಯ ಜಾರ್ಜ್ ಅರಸನ ಕ್ರೌನ್ ಎಂಬ ಎರಡು ಬೆಳ್ಳಿ ನಾಣ್ಯಗಳಿವೆ. ಎರಡರ ಮುಖದ ಮೇಲೂ 1819 ಎಂದೇ ಇದೆ. ಆದರೆ ಒಂದರ ಅಂಚಿನಲ್ಲಿ 'ಎಲ್ ಐ ಎಕ್ಸ್', ಅಂದರೆ 59, ಇನ್ನೊಂದರ ಅಂಚಿನಲ್ಲಿ 'ಎಲ್ ಎಕ್ಸ್', ಅಂದರೆ 60 ಎಂದಿದೆ. ಇವುಗಳಲ್ಲಿ ಒಂದು ನಕಲಿಯೇ? ರೋಮನ್ ಚಕ್ರವರ್ತಿ ಆರೇಲಿಯನ್‌ನ ತಾಮ್ರವರ್ಣದ ನಾಣ್ಯವೊಂದರ ಹಿಂಬದಿಯಲ್ಲಿ, ಕೆಳತುದಿಗೆ, 'ಎಕ್ಸ್ ಎಕ್ಸ್ ಐ' ಎಂದಿದೆ. 21 ಎಂಬುದು ಅವನ ಆಳ್ವಿಕೆಯ ವರ್ಷವೆನ್ನೋಣವೆಂದರೆ ಅವನು ಆಳಿದ್ದೇ 270ರಿಂದ 275ರವರೆಗೆ. ಜರ್ಮನಿಯ ಸ್ಯಾಕ್ಸನಿಯ ಥಾಲರ್ ಎಂಬ ಒಂದು ಬೆಳ್ಳಿ ನಾಣ್ಯದ ಮೇಲೆ 'ಎಕ್ಸ್ ಐನೆ ಫೈನೆ ಮಾರ್ಕ್' ಎಂಬ ಬರಹವಿದೆ; ಇದರ ಬೆಲೆ ಹತ್ತು ಮಾರ್ಕ್ ಎಂದು ಬರೆದುಕೊಂಡಿದ್ದೇನೆ, ಆದರೆ ಮನಸ್ಸು ಒಪ್ಪುತ್ತಿಲ್ಲ. ಕೊನೆಯದಾಗಿ, ಈಸ್ಟ್ ಇಂಡಿಯಾ ಕಂಪನಿಯ 1835ರ ರೂಪಾಯಿಯ ಮೇಲೆ ನಾಲ್ಕನೆಯ ವಿಲಿಯಂನ ಹೆಸರಿನ ಮುಂದೆ 'ಐ ವಿ' ಎಂದಿರದೆ ನಾಲ್ಕು ಐಗಳು ಸಾಲಾಗಿ ನಿಂತಿವೆ. ಇದು ಅಚ್ಚು ಕೊರೆದವನ ತಪ್ಪೇ? ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1

ಮೊದಲು ಕ್ರೌನ್‌ಗಳ ವಿಚಾರ. ಅಂಚಿನ ವ್ಯತ್ಯಾಸವೊಂದನ್ನೇ ಹಿಡಿದು ಯಾವುದನ್ನೂ ನಕಲಿಯೆನ್ನಬೇಕಾಗಿಲ್ಲ. ಆ ಸಂಖ್ಯೆಯ ಹಿಂದೆ 'ಆನೋ ರೆಗ್ನಿ' ಎಂಬ ಲ್ಯಾಟಿನ್ ಮಾತಿರುವುದನ್ನು ನೀವು ನೋಡಿರುತ್ತೀರಿ. 'ಆಳ್ವಿಕೆಯ ವರ್ಷದಲ್ಲಿ' ಎಂಬುದು ಅದರ ಅರ್ಥ. ಮೂರನೆಯ ಜಾರ್ಜ್ ಪಟ್ಟಕ್ಕೆ ಬಂದದ್ದು 1760ರ ಅಕ್ಟೋಬರ್ 25ರಂದು. ಆದ್ದರಿಂದ ಅವನ 59ನೆಯ ವರ್ಷ 1818ರ ಅಕ್ಟೋಬರ್ 25ಕ್ಕೆ ಮೊದಲಾಗಿ ಮರುವರ್ಷದ ಅಕ್ಟೋಬರ್ 24ಕ್ಕೆ ಮುಗಿಯುತ್ತದೆ, ಮಾರನೆಯ ದಿನದಿಂದ 60ನೆಯದು ನಡೆಯುತ್ತದೆ. ಕ್ಯಾಲೆಂಡರಿನ ಒಂದೇ ವರ್ಷದೊಳಗೆ ಆಳ್ವಿಕೆಯ ಎರಡು ವರ್ಷಗಳು ಬಂದುಹೋಗುವುದರಿಂದ 1818ರ ಕ್ರೌನ್‌ಗಳಲ್ಲಿ 58 ಮತ್ತು 59, 1819ರವುಗಳಲ್ಲಿ 59 ಮತ್ತು 60 ಎರಡೂ ಸಿಗುತ್ತವೆ. ವಿಕ್ಟೋರಿಯಾ ರಾಣಿಯ 1893ರ ಕ್ರೌನ್‌ಗಳಲ್ಲಿ 56 ಮತ್ತು 57 ಎರಡೂ ಇರುವುದಕ್ಕೆ ಅವಳು ಪಟ್ಟವೇರಿದ ಜೂನ್ 20ನೆಯ ತಾರೀಖೇ ಕಾರಣ. ಚೀಟಿಯಲ್ಲಿ 'ಆಳ್ವಿಕೆಯ ವರ್ಷ' ಎಂದು ಬೇರೆಯೇ ಒಂದು ಸಾಲು ಇಟ್ಟುಕೊಳ್ಳಿ. ಮುಖದ ಇಸವಿ ಹೇಳದಿರುವ ಸಂಗತಿಯನ್ನು ಅದು ಹೇಳುತ್ತದೆ.

ಈ ಅಂಚಿನ ಅಂಕಿಗಳಲ್ಲಿ ನನಗೆ ಬಹಳ ಪ್ರಿಯವಾದುದು ಎರಡನೆಯ ಚಾರ್ಲ್ಸ್‌ನ 1663ರ ಕ್ರೌನ್. ಅವನು ಸಿಂಹಾಸನಕ್ಕೆ ಮರಳಿದ್ದು 1660ರಲ್ಲಿ. ಆದರೂ ಅಂಚಿನಲ್ಲಿ 'ಎಕ್ಸ್ ವಿ', ಅಂದರೆ 15ನೆಯ ವರ್ಷ ಎಂದಿದೆ. ಅವನ ತಂದೆಯ ಶಿರಚ್ಛೇದವಾದ 1649ರ ಜನವರಿಯಿಂದಲೇ ಆಳ್ವಿಕೆಯನ್ನು ಎಣಿಸಿದ್ದರಿಂದ ಈ ಲೆಕ್ಕ ಬಂದಿದೆ. ನಡುವೆ ದೇಶದಲ್ಲಿ ಅರಸನೇ ಇರದ ಹನ್ನೊಂದು ವರ್ಷಗಳನ್ನು, ಅವು ನಡೆದೇ ಇಲ್ಲವೆಂಬಂತೆ, ಎರಡು ಅಕ್ಷರಗಳು ಅಳಿಸಿಹಾಕಿವೆ.

ಇಂಥ ಎಣಿಕೆ ಬ್ರಿಟನ್ನಿಗೆ ಮಾತ್ರ ಸೀಮಿತವಲ್ಲ. ಪೋಪರ ನಾಣ್ಯಗಳಲ್ಲಿ 'ಆನೋ' ಎಂಬುದರ ಮುಂದೆ ಬರುವ ಅಂಕಿ ಆ ಪೋಪ್ ಪೀಠವೇರಿದ ಮೇಲಿನ ವರ್ಷ. ವ್ಯಾಟಿಕನ್ ನಗರರಾಜ್ಯ 1929ರಲ್ಲಿ ಹೊರಡಿಸಿದ ಮೊದಲ ನಾಣ್ಯಗಳಲ್ಲಿ 8 ಎಂದಿರುವುದು 1922ರಲ್ಲಿ ಆಯ್ಕೆಯಾದ ಹನ್ನೊಂದನೆಯ ಪಯಸ್‌ನ ಎಂಟನೆಯ ವರ್ಷವನ್ನು ಸೂಚಿಸುತ್ತದೆ. ಇಟಲಿಯ 1939ರ ನಾಣ್ಯಗಳಲ್ಲಿ 17 ಮತ್ತು 18 ಎಂಬ ಎರಡು ರೋಮನ್ ಸಂಖ್ಯೆಗಳು ಸಿಗುತ್ತವೆ; ಅಲ್ಲಿ ಎಣಿಕೆ ಅರಸನದ್ದಲ್ಲ, 1922ರ ಅಕ್ಟೋಬರ್ ಕೊನೆಯಲ್ಲಿ ಅಧಿಕಾರ ಹಿಡಿದ ಫ್ಯಾಸಿಸ್ಟರು ಸಾರಿದ ಶಕೆಯದ್ದು. ಫ್ರಾನ್ಸಿನ ಗಣರಾಜ್ಯ ಶಕೆಯ 11ನೆಯ ವರ್ಷದ ಐದು ಫ್ರಾಂಕ್ ನಾಣ್ಯದಲ್ಲಿ ಬೋನಪಾರ್ಟನ ಹೆಸರಿನೊಂದಿಗೆ 'ಎಕ್ಸ್ ಐ' ಎಂದು ರೋಮನ್ ಅಂಕಿಯಿದೆ. ಮರುವರ್ಷವೇ ಅದನ್ನು ಬಿಟ್ಟು 12 ಎಂದು ಸಾಮಾನ್ಯ ಅಂಕಿಯಲ್ಲಿ ಹಾಕಿದ್ದಾರೆ.

ಕ್ರಿಸ್ತಶಕದ ಇಸವಿಯನ್ನೇ ರೋಮನ್ ಅಂಕಿಯಲ್ಲಿ ಬರೆದ ನಾಣ್ಯಗಳೂ ಉಂಟು. ಡೆನ್ಮಾರ್ಕಿನ ರೋಸ್ಕಿಲ್ಡೆಯಲ್ಲಿ ಅಚ್ಚಾದ 1234ರ ಬೆಳ್ಳಿ ಪೆನ್ನಿ ಅವುಗಳಲ್ಲಿ ಬಹು ಹಳೆಯದು. ಇಂಗ್ಲೆಂಡಿನ ಆರನೆಯ ಎಡ್ವರ್ಡ್‌ನ ಶಿಲ್ಲಿಂಗ್‌ಗಳಲ್ಲಿ 1549 ರೋಮನ್ ಅಂಕಿಯಲ್ಲಿದೆ, ಎರಡೇ ವರ್ಷಗಳ ತರುವಾಯದ ಅವನ ಬೆಳ್ಳಿ ಕ್ರೌನ್‌ನಲ್ಲಿ 1551 ಸಾಮಾನ್ಯ ಅಂಕಿಯಲ್ಲಿದೆ. ಸುಲಭದ ಅಂಕಿಗಳು ಬಂದ ಮೇಲೆ ರೋಮನ್ ಅಂಕಿಯನ್ನು ಹಳಮೆಯ ಸೊಗಸಿಗಾಗಿ ಬಳಸಿದವರೇ ಹೆಚ್ಚು. ವಿಕ್ಟೋರಿಯಾಳ 1847ರ ಗಾಥಿಕ್ ಕ್ರೌನ್, ಅಮೆರಿಕದ 1907ರ ಎತ್ತರದ ಉಬ್ಬಿನ ಇಪ್ಪತ್ತು ಡಾಲರ್ ಚಿನ್ನದ ನಾಣ್ಯ ಇದಕ್ಕೆ ಸಾಕ್ಷಿ.

ಉತ್ತರ 2

ಥಾಲರ್ ಮತ್ತು ಆರೇಲಿಯನ್‌ನ ನಾಣ್ಯ, ಈ ಎರಡನ್ನೂ ಒಟ್ಟಿಗೇ ನೋಡಬೇಕೆಂಬುದು ನನ್ನ ಅಭಿಪ್ರಾಯ. ಇವೆರಡರಲ್ಲೂ ಅಂಕಿ ಲೋಹದ ಲೆಕ್ಕವನ್ನು ಹೇಳುತ್ತಿದೆ.

ನಿಮ್ಮ ಮನಸ್ಸು ಒಪ್ಪದಿದ್ದದ್ದು ಸರಿಯೇ. ಥಾಲರ್ ಹತ್ತು ಮಾರ್ಕ್ ಬೆಲೆಯ ನಾಣ್ಯವಲ್ಲ. ಇಲ್ಲಿ ಮಾರ್ಕ್ ಎಂಬುದು ಹಣವಲ್ಲ, ತೂಕ. ಕೊಲೋನ್ ನಗರದ ಮಾರ್ಕ್ ಎಂದರೆ ಸುಮಾರು 233.8 ಗ್ರಾಂ. 'ಹತ್ತು ಸೇರಿ ಒಂದು ಚೊಕ್ಕ ಮಾರ್ಕ್' ಎಂದು ಆ ಬರಹವನ್ನು ಓದಬೇಕು: ಇಂಥ ಹತ್ತು ನಾಣ್ಯಗಳನ್ನು ಕರಗಿಸಿ ಬೆರಕೆಯನ್ನು ತೆಗೆದರೆ ಒಂದು ಮಾರ್ಕ್ ತೂಕದ ಚೊಕ್ಕ ಬೆಳ್ಳಿ ಉಳಿಯುತ್ತದೆ ಎಂಬ ಭರವಸೆ ಅದು. ಹಾಗೆಂದರೆ ಒಂದೊಂದರಲ್ಲಿ ಸುಮಾರು 23.4 ಗ್ರಾಂ ಬೆಳ್ಳಿ. ತಾಮ್ರದ ಬೆರಕೆ ಸೇರಿ ನಾಣ್ಯ 28 ಗ್ರಾಂ ತೂಗುತ್ತದೆ. ನಿಮ್ಮಲ್ಲಿರುವುದನ್ನು ತೂಗಿ ನೋಡಿ, ಸವೆದಿರದಿದ್ದರೆ ಅಷ್ಟೇ ಇರುತ್ತದೆ. ಇದೇ ಕಾರಣಕ್ಕೆ ಗುಲ್ಡೆನ್ ಎಂಬ ಅರ್ಧ ಥಾಲರ್ ಮೇಲೆ 20 ಎಂದಿರುತ್ತದೆ. ಬೆಲೆ ಅರ್ಧವಾದರೆ ಅಂಕಿ ಇಮ್ಮಡಿಯಾಗುತ್ತದೆ ಎಂಬುದನ್ನು ಗಮನಿಸಿ. ಮುಖಬೆಲೆಯ ಅಂಕಿಯಾಗಿದ್ದರೆ ಹೀಗಾಗಲು ಸಾಧ್ಯವೇ ಇರಲಿಲ್ಲ. 1857ರ ವಿಯೆನ್ನಾ ಒಪ್ಪಂದದ ಬಳಿಕ ಮಾರ್ಕ್ ತೂಕ ಹೋಗಿ 500 ಗ್ರಾಂನ ಪೌಂಡ್ ಬಂದಿತು. ಆಗಿನ ಥಾಲರ್‌ಗಳ ಮೇಲೆ 'ಮೂವತ್ತಕ್ಕೆ ಒಂದು ಚೊಕ್ಕ ಪೌಂಡ್' ಎಂಬ ಅರ್ಥದ ಬರಹವನ್ನು ಕಾಣಬಹುದು.

ಈ ಪದ್ಧತಿ ಜರ್ಮನರಿಗಿಂತ ಒಂದೂವರೆ ಸಾವಿರ ವರ್ಷಗಳಷ್ಟು ಹಿಂದಿನದು. ಚಕ್ರವರ್ತಿ ಡಯೋಕ್ಲೀಷಿಯನ್ 294ರ ಸುಮಾರಿಗೆ ತಂದ ಬೆಳ್ಳಿ ನಾಣ್ಯಗಳಲ್ಲಿ ಕೆಲವುದರ ಹಿಂಬದಿಯಲ್ಲಿ ಬೇರೇನೂ ಚಿತ್ರವಿಲ್ಲದೆ, ಮಾಲೆಯ ನಡುವೆ 'ಎಕ್ಸ್ ಸಿ ವಿ ಐ', ಅಂದರೆ 96 ಎಂಬ ಸಂಖ್ಯೆ ಮಾತ್ರ ಇರುತ್ತದೆ. ಒಂದು ರೋಮನ್ ಪೌಂಡ್ ಬೆಳ್ಳಿಯಿಂದ 96 ನಾಣ್ಯಗಳೆಂಬುದು ಅದರ ಅರ್ಥ. ಪೌಂಡ್ ಸುಮಾರು 327 ಗ್ರಾಂ ಆದ್ದರಿಂದ ಒಂದೊಂದರ ಲೆಕ್ಕದ ತೂಕ 3.4 ಗ್ರಾಂ ಆಗುತ್ತದೆ. ದಶಕಗಳ ಕಾಲ ಬೆಳ್ಳಿಯೆಂಬ ಹೆಸರಿನಲ್ಲಿ ತಾಮ್ರವನ್ನೇ ಪಡೆದಿದ್ದ ಜನರಿಗೆ ಆ ಸಂಖ್ಯೆಯನ್ನು ಅಷ್ಟು ದೊಡ್ಡದಾಗಿ ತೋರಿಸಬೇಕಾದ ಅಗತ್ಯ ಆಡಳಿತಕ್ಕೆ ಇತ್ತೆಂದು ನನಗೆ ಅನ್ನಿಸುತ್ತದೆ.

ಈಗ ಆರೇಲಿಯನ್‌ನ 21. ಅವನು 274ರ ಸುಮಾರಿಗೆ ನಾಣ್ಯಗಳನ್ನು ಸುಧಾರಿಸಿದಾಗ ಈ ಗುರುತು ಬಂದಿತು. ಇಪ್ಪತ್ತು ಪಾಲು ತಾಮ್ರಕ್ಕೆ ಒಂದು ಪಾಲು ಬೆಳ್ಳಿ ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. ಅಂದರೆ 'ಎಕ್ಸ್ ಎಕ್ಸ್' ಮತ್ತು 'ಐ' ಬೇರೆ ಬೇರೆಯಾಗಿ ಓದಬೇಕಾದ ಎರಡು ಸಂಖ್ಯೆಗಳು. ನಾಣ್ಯಗಳಲ್ಲಿ ಬೆಳ್ಳಿ ನೂರಕ್ಕೆ ಐದರಷ್ಟು ಇರುವುದು ಇದಕ್ಕೆ ಹೊಂದುತ್ತದೆ. ಗ್ರೀಕ್ ಅಕ್ಷರ ಬಳಸುತ್ತಿದ್ದ ಪೂರ್ವದ ಟಂಕಸಾಲೆಗಳು ಇದೇ ಜಾಗದಲ್ಲಿ ಕಪ್ಪಾ ಮತ್ತು ಆಲ್ಫಾ ಅಕ್ಷರಗಳನ್ನು ಹಾಕಿವೆ. ಗ್ರೀಕ್ ಲೆಕ್ಕದಲ್ಲಿ ಕಪ್ಪಾ 20, ಆಲ್ಫಾ 1 ಆಗಿರುವುದರಿಂದ ಇದು ಯಾವುದೋ ಹೆಸರಿನ ಮೊದಲಕ್ಷರವಲ್ಲ, ಸಂಖ್ಯೆಯೇ ಎಂಬುದು ಖಚಿತವಾಗುತ್ತದೆ. ಆರೇಲಿಯನ್‌ನ ಬಳಿಕ ಬಂದ ಟ್ಯಾಸಿಟಸ್‌ನ ಕೆಲವು ವಿರಳ ನಾಣ್ಯಗಳಲ್ಲಿ 'ಎಕ್ಸ್ ಐ' ಎಂದಿದೆ, ಅವುಗಳಲ್ಲಿ ಬೆಳ್ಳಿ ಸರಿಸುಮಾರು ಇಮ್ಮಡಿ. ಹತ್ತಕ್ಕೆ ಒಂದು ಎಂದು ಓದಿದರೆ ಎಲ್ಲವೂ ಕೂಡಿಬರುತ್ತದೆ.

ನಿಜವಾದ ಮುಖಬೆಲೆಯ ಅಂಕಿಗೆ ಉದಾಹರಣೆ ಬೇಕಿದ್ದರೆ ರೋಮನ್ ಗಣರಾಜ್ಯದ ದಿನಾರಿಯಸ್ ಎಂಬ ಬೆಳ್ಳಿ ನಾಣ್ಯವನ್ನು ನೋಡಬೇಕು. ಕ್ರಿ.ಪೂ. 211ರ ಸುಮಾರಿಗೆ ಅದು ಹೊರಬಂದಾಗ ರೋಮಾ ದೇವಿಯ ತಲೆಯ ಹಿಂದೆ ಎಕ್ಸ್ ಇತ್ತು, ಏಕೆಂದರೆ ಅದು ಆಸ್ ಎಂಬ ಹತ್ತು ತಾಮ್ರದ ನಾಣ್ಯಗಳಿಗೆ ಸಮ. ಅದರ ಅರ್ಧಕ್ಕೆ ವಿ. ಕಾಲುಭಾಗವಾದ ಸೆಸ್ಟರ್ಷಿಯಸ್‌ಗೆ ಎರಡು ಐ ಮತ್ತು ಒಂದು ಎಸ್. ಎಸ್ ಎಂದರೆ ಸೆಮಿಸ್, ಅಂದರೆ ಅರ್ಧ, ಒಟ್ಟು ಎರಡೂವರೆ. ಕ್ರಿ.ಪೂ. 141ರ ಸುಮಾರಿಗೆ ದಿನಾರಿಯಸ್‌ನ ಬೆಲೆಯನ್ನು ಹದಿನಾರು ಆಸ್‌ಗಳಿಗೆ ಏರಿಸಿದಾಗ ಕೆಲಕಾಲ 'ಎಕ್ಸ್ ವಿ ಐ' ಎಂದೇ ಹಾಕಿದರು, ಆಮೇಲೆ ನಡುವೆ ಅಡ್ಡಗೆರೆ ಎಳೆದ ಎಕ್ಸ್ ಅನ್ನು ಗುರುತಾಗಿ ಉಳಿಸಿಕೊಂಡರು. ಬಹಳ ತಡವಾಗಿ ಇಂಗ್ಲೆಂಡಿನಲ್ಲಿ ಅರಸನಿಲ್ಲದ ಕಾಮನ್‌ವೆಲ್ತ್ ಕಾಲದ ಶಿಲ್ಲಿಂಗಿನ ಮೇಲೆ ಹನ್ನೆರಡು ಪೆನ್ನಿಗಳಿಗಾಗಿ 12, ಅರ್ಧ ಕ್ರೌನ್‌ನ ಮೇಲೆ ಎರಡು ಶಿಲ್ಲಿಂಗ್ ಆರು ಪೆನ್ನಿಗಾಗಿ 2 ಮತ್ತು 6, ಎಲ್ಲವೂ ರೋಮನ್ ಅಂಕಿಗಳಲ್ಲೇ ಇವೆ.

ಉತ್ತರ 3

ವಿಲಿಯಂನ ನಾಲ್ಕು ಐಗಳ ಪ್ರಶ್ನೆ ಉಳಿದಿರುವುದರಿಂದ ಅದಕ್ಕೆ ಉತ್ತರಿಸುತ್ತೇನೆ. ಅದು ತಪ್ಪಲ್ಲ. ದೊಡ್ಡ ಅಂಕಿಯ ಹಿಂದೆ ಚಿಕ್ಕದನ್ನು ಇಟ್ಟು ಕಳೆಯುವ ಪದ್ಧತಿಯನ್ನು ಶಾಲೆಯಲ್ಲಿ ಕಡ್ಡಾಯ ನಿಯಮವೆಂಬಂತೆ ಕಲಿಸುತ್ತಾರೆ; ಅಚ್ಚು ಕೊರೆಯುವವರಿಗೆ ಅದೆಂದೂ ಕಡ್ಡಾಯವಾಗಿರಲಿಲ್ಲ. ಮಾರ್ಕ್ ಆಂಟನಿ ಕ್ರಿ.ಪೂ. 32ರಿಂದ 31ರ ಅವಧಿಯಲ್ಲಿ ತನ್ನ ಸೇನಾದಳಗಳ ಸಂಬಳಕ್ಕಾಗಿ ಹೊರಡಿಸಿದ ದಿನಾರಿಯಸ್‌ಗಳಲ್ಲಿ ಪ್ರತಿ ದಳದ ಸಂಖ್ಯೆಯಿದೆ. ಅಲ್ಲಿ ನಾಲ್ಕನೆಯ ದಳವನ್ನು ಎರಡೂ ರೀತಿಯಲ್ಲಿ ಬರೆದಿದ್ದಾರೆ, ಒಂಬತ್ತನೆಯದನ್ನೂ ಹಾಗೆಯೇ. ಆದ್ದರಿಂದ ಒಂದು ಹಳೆಯದು, ಇನ್ನೊಂದು ಹೊಸದು ಎಂದು ಹೇಳಿ ಕಾಲನಿರ್ಣಯಕ್ಕೆ ಇದನ್ನು ಬಳಸಲಾಗದು.

ಬ್ರಿಟನ್ನಿನ ನಾಲ್ಕನೆಯ ಜಾರ್ಜ್‌ನ ಸಂಗತಿ ಇನ್ನೂ ಸ್ಪಷ್ಟ. ಅವನ ಮೊದಲ ಚಿನ್ನದ ಸಾವರಿನ್‌ಗಳಲ್ಲಿ ನಾಲ್ಕು ಐಗಳಿವೆ, 1825ರಲ್ಲಿ ಮುಖಚಿತ್ರ ಬದಲಾದಾಗ ಅದೇ ಅರಸನಿಗೆ 'ಐ ವಿ' ಬಂದಿತು, ಅವನ ತಮ್ಮ ವಿಲಿಯಂ ಪಟ್ಟಕ್ಕೆ ಬಂದ ಕೂಡಲೇ ಮತ್ತೆ ನಾಲ್ಕು ಐಗಳು ಮರಳಿದವು. ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ನಾಣ್ಯಗಳಲ್ಲಿಯೂ ಎಕ್ಸ್‌ನ ಮುಂದೆ ನಾಲ್ಕು ಐಗಳೇ ಇರುವುದು ವಾಡಿಕೆ. ನನ್ನದೊಂದು ಕೋರಿಕೆ: ಚೀಟಿಯಲ್ಲಿ ಅಂಕಿಯನ್ನು ತಿದ್ದಿ ಬರೆಯಬೇಡಿ, ನಾಣ್ಯದ ಮೇಲೆ ಹೇಗಿದೆಯೋ ಹಾಗೆಯೇ ಬರೆಯಿರಿ. ನೀವು ಸರಿಪಡಿಸಿದರೆ ಜಾರ್ಜ್‌ನ ಎರಡು ಅಚ್ಚುಗಳ ನಡುವಿನ ಈ ವ್ಯತ್ಯಾಸವೇ ಕಾಣದೆ ಹೋಗುತ್ತದೆ.

ಅರಸರ ಕ್ರಮಸಂಖ್ಯೆ ನಾಣ್ಯದ ಮೇಲೆ ಇರಲೇಬೇಕೆಂದೂ ಭಾವಿಸಬೇಡಿ. ಇಂಗ್ಲೆಂಡಿನಲ್ಲಿ 1180ರಿಂದ 1247ರವರೆಗೆ ಅಚ್ಚಾದ ಗಿಡ್ಡ ಶಿಲುಬೆಯ ಪೆನ್ನಿಗಳಲ್ಲಿ ಸಂಖ್ಯೆಯಿಲ್ಲದ 'ಹೆನ್ರಿಕಸ್', ಅಂದರೆ ಲ್ಯಾಟಿನ್ನಿನಲ್ಲಿ ಹೆನ್ರಿ, ಎಂಬ ಹೆಸರು ಮಾತ್ರ ಇದೆ. ಎರಡನೆಯ ಮತ್ತು ಮೂರನೆಯ ಹೆನ್ರಿಯರ ನಡುವೆ ಆಳಿದ ರಿಚರ್ಡ್ ಮತ್ತು ಜಾನ್ ಕಾಲದಲ್ಲೂ ಅದೇ ಹೆಸರು ಮುಂದುವರಿಯಿತು. 1247ರಲ್ಲಿ ಉದ್ದ ಶಿಲುಬೆಯ ಪೆನ್ನಿ ಬಂದಾಗ ಕೆಲವುದರ ಮೇಲೆ ಮೂರು ಐಗಳನ್ನು, ಕೆಲವುದರ ಮೇಲೆ 'ಮೂರನೆಯ' ಎಂಬ ಅರ್ಥದ ಲ್ಯಾಟಿನ್ ಪದದ ಸಂಕ್ಷೇಪವನ್ನು ಸೇರಿಸಿದರು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಮನಃಪೂರ್ವಕ ಕೃತಜ್ಞತೆಗಳು. ಥಾಲರ್ ತೂಗಿ ನೋಡಿದೆ, 27.9 ಗ್ರಾಂ ಬಂದಿತು. ಹತ್ತು ಮಾರ್ಕ್ ಎಂದು ಬರೆದಿದ್ದ ಚೀಟಿಯನ್ನು ಬದಲಿಸಿದ್ದೇನೆ.

ಇನ್ನೊಂದು ಸಂದೇಹವಿದೆ. ಚಕ್ರವರ್ತಿ ಹೇಡ್ರಿಯನ್‌ನ ದಿನಾರಿಯಸ್ ಒಂದರ ಮೇಲೆ 'ಕಾಸ್' ಎಂಬ ಸಂಕ್ಷೇಪ ಮತ್ತು ಮೂರು ಐಗಳಿವೆ. ಮಾರಿದವರು ಇದನ್ನು 119ನೆಯ ಇಸವಿಯದೆಂದು ಖಚಿತವಾಗಿ ಹೇಳಿದ್ದರು. ಹಾಗೆಯೇ ಬರೆಯಬಹುದೇ?

ಉತ್ತರ 1 ಬರೆದವರಿಂದ

ಬರೆಯಬಾರದು. ಆ ಸಂಕ್ಷೇಪ ರೋಮಿನ ಉನ್ನತ ಅಧಿಕಾರಸ್ಥಾನವಾದ ಕಾನ್ಸುಲ್ ಪದವಿಯದು, ಅಂಕಿ ಅವನು ಎಷ್ಟು ಸಲ ಕಾನ್ಸುಲ್ ಆದನೆಂಬುದನ್ನು ಹೇಳುತ್ತದೆ. ಹೇಡ್ರಿಯನ್ ಮೂರನೆಯ ಸಲ ಆ ಪದವಿ ಹಿಡಿದದ್ದು 119ರಲ್ಲಿ ಎಂಬುದು ನಿಜ; ಆದರೆ 138ರಲ್ಲಿ ಸಾಯುವವರೆಗೂ ಅವನು ನಾಲ್ಕನೆಯ ಸಲ ಅದನ್ನು ತೆಗೆದುಕೊಳ್ಳಲೇ ಇಲ್ಲ. ಹೀಗಾಗಿ ಅಂಕಿ ಮೂರರಲ್ಲೇ ನಿಂತುಹೋಯಿತು, ಹತ್ತೊಂಬತ್ತು ವರ್ಷಗಳ ನಾಣ್ಯಗಳೆಲ್ಲ ಅದನ್ನೇ ಹೊತ್ತಿವೆ. ವರ್ಷ ವರ್ಷವೂ ಏರುವ ಅಂಕಿ ಬೇಕಿದ್ದರೆ 'ಟಿಆರ್ ಪಿ' ಎಂಬ ಸಂಕ್ಷೇಪದ ಮುಂದೆ ನೋಡಬೇಕು. ಅದು ಟ್ರಿಬ್ಯೂನ್ ಎಂಬ ಇನ್ನೊಂದು ರೋಮನ್ ಪದವಿಯ ಅಧಿಕಾರದ ಎಣಿಕೆ, ಚಕ್ರವರ್ತಿಗಳಿಗೆ ಪ್ರತಿವರ್ಷ ನವೀಕರಣವಾಗುತ್ತಿತ್ತು. ಹೇಡ್ರಿಯನ್‌ನ ಉತ್ತರಾಧಿಕಾರಿ ಆಂಟೋನೈನಸ್ ಪಯಸ್‌ನ ಬಹಳಷ್ಟು ನಾಣ್ಯಗಳನ್ನು ಇದರಿಂದಲೇ ಒಂದೊಂದು ವರ್ಷಕ್ಕೆ ಹೊಂದಿಸಬಹುದು.

ನಿಮ್ಮ ನಾಣ್ಯದಲ್ಲಿ ಮೂರು ಐಗಳ ಜೊತೆಗೆ ಎರಡು ಪಿ ಅಕ್ಷರಗಳಿವೆಯೇ ನೋಡಿ. ಅದು 'ದೇಶದ ತಂದೆ' ಎಂಬ ಬಿರುದು, ಹೇಡ್ರಿಯನ್ ಅದನ್ನು ಸ್ವೀಕರಿಸಿದ್ದು 128ರಲ್ಲಿ. ಅದಿದ್ದರೆ 128ರಿಂದ 138ರವರೆಗೆ ಎಂದು ಬರೆಯಿರಿ, ಇಲ್ಲದಿದ್ದರೆ 119ರಿಂದ 138ರವರೆಗೆ ಎಂದು ಬರೆಯಿರಿ.